ಸ್ಟೂಲು, ಬಕೆಟ್ಟು, ಅರವತ್ತು ಸೆಕೆಂಡು

ಬಾಕ್ಸಿಂಗ್ ರಿಂಗಿನ ಮೂಲೆಯಲ್ಲಿ ಸ್ಟೂಲ್ ಹಿಡಿದು ನಿಲ್ಲುವವನು ನಾನು. ಟಿವಿಯಲ್ಲಿ ನೋಡಿರುತ್ತೀರಿ. ಗಂಟೆ ಹೊಡೆದ ಕೂಡಲೇ ಒಬ್ಬ ಹಗ್ಗದ ನಡುವೆ ನುಗ್ಗಿ ಸ್ಟೂಲ್ ಇಡುತ್ತಾನೆ. ಇನ್ನೊಬ್ಬ ಬಾಟಲಿ ಚಾಚುತ್ತಾನೆ, ಮತ್ತೊಬ್ಬ ಮುಖಕ್ಕೆ ಏನೋ ಸವರುತ್ತಾನೆ. ಅಷ್ಟರಲ್ಲಿ ಜಾಹೀರಾತು ಬಂದುಬಿಡುತ್ತದೆ. ಆ ಜಾಹೀರಾತಿನ ಹೊತ್ತಲ್ಲಿ ನಡೆಯುವುದೇ ನನ್ನ ಕೆಲಸ.

ನಾನು ಬೆಳೆದದ್ದು ಹಲಸೂರಿನ ಕಡೆ. ಅಲ್ಲಿ ಸೇನೆಯ ಎಂಜಿನಿಯರ್ ದಳದ ಎಂಇಜಿ ಸೆಂಟರ್ ಇದೆ. ಬೆಳಗಿನ ಜಾವ ಸೇನೆಯ ಹುಡುಗರು ಓಡುವುದನ್ನು ನೋಡಿ ನೋಡಿ ನನಗೂ ಹುಚ್ಚು ಹಿಡಿಯಿತು. 60 ಕೆಜಿ ವಿಭಾಗದಲ್ಲಿ ರಾಜ್ಯ ಮಟ್ಟದವರೆಗೆ ಆಡಿದೆ. ಭುಜ ಎರಡು ಸಲ ಕಳಚಿತು, ಮೂರನೇ ಸಲಕ್ಕೆ ಕಾಯದೆ ಬಿಟ್ಟೆ. ನನಗೆ ಕಲಿಸಿದ ಮೇಷ್ಟ್ರು ಹಳೇ ಕಾಲದವರು. 1980ರಲ್ಲಿ ಮೊಹಮ್ಮದ್ ಅಲಿ ಮದ್ರಾಸಿಗೆ ಬಂದಾಗ ಬೆಂಗಳೂರಿನಿಂದ ರೈಲು ಹತ್ತಿ ಹೋಗಿದ್ದರಂತೆ. ಆದರೆ ಪ್ರಾಕ್ಟೀಸ್ ಮುಗಿದ ಮೇಲೆ ಅವರು ಹೇಳುತ್ತಿದ್ದದ್ದು ಅಲಿಯ ಕಥೆ ಅಲ್ಲ, ಅಲಿಯ ಹಿಂದೆ ನಿಲ್ಲುತ್ತಿದ್ದ ತರಬೇತುದಾರ ಆಂಜೆಲೋ ಡಂಡೀ ಅವರ ಕಥೆ. ಆಗ ನಮಗೆ ಬೋರ್ ಆಗುತ್ತಿತ್ತು. ಹೊಡೆತದ ಕಥೆ ಬಿಟ್ಟು ಬಕೆಟ್ ಹಿಡಿದವರ ಕಥೆ ಯಾರಿಗೆ ಬೇಕು?

ಈಗ ಬಕೆಟ್ ನನ್ನ ಕೈಗೇ ಬಂದಿದೆ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಒಂದು ರೌಂಡ್ ಮೂರು ನಿಮಿಷ, ನಡುವೆ ಒಂದು ನಿಮಿಷ ಬಿಡುವು. ಹೊಸಬರು ನಾಲ್ಕು ರೌಂಡ್‌ನಿಂದ ಶುರು ಮಾಡುತ್ತಾರೆ. ಆಮೇಲೆ ಆರು, ಎಂಟು, ಹತ್ತು. ವಿಶ್ವ ಪಟ್ಟಕ್ಕೆ ಹನ್ನೆರಡು. ಅದು ಮೊದಲು ಹದಿನೈದಿತ್ತು. 1982ರ ನವೆಂಬರ್‌ನಲ್ಲಿ ಅಮೆರಿಕದ ರೇ ಮನ್ಸಿನಿ ಜೊತೆ ಆಡಿದ ಕೊರಿಯಾದ ಕಿಮ್ ಡುಕ್ ಕೂ ಕೆಲವೇ ದಿನಗಳಲ್ಲಿ ತೀರಿಕೊಂಡ. ಆಮೇಲೆ ಅದನ್ನು ಹನ್ನೆರಡಕ್ಕೆ ಇಳಿಸುತ್ತಾ ಬಂದರು.

ಒಂದು ನಿಮಿಷ ಅಂದರೂ ಪೂರ್ತಿ ಸಿಗುವುದಿಲ್ಲ. ಹುಡುಗ ನಡೆದು ಬಂದು ಕೂರುವಷ್ಟರಲ್ಲಿ ಏಳೆಂಟು ಸೆಕೆಂಡ್ ಹೋಯಿತು. ಕೊನೆಯ ಹತ್ತು ಸೆಕೆಂಡಿಗೆ ಸೂಚನೆ ಬರುತ್ತದೆ, ನಾವು ಇಳಿಯಬೇಕು. ಉಳಿದದ್ದು ನಲವತ್ತು ಚಿಲ್ಲರೆ. ಅಷ್ಟರಲ್ಲಿ ಹಲ್ಲಿನ ರಕ್ಷಣೆಯ ಗಮ್‌ಶೀಲ್ಡ್ ತೆಗೆದು ತೊಳೆಯಬೇಕು, ಉಸಿರು ತಹಬಂದಿಗೆ ತರಿಸಬೇಕು, ಒಂದು ಗುಟುಕು ನೀರು ಕೊಡಬೇಕು, ಕತ್ತಿನ ಹಿಂದೆ ಐಸ್ ಇಡಬೇಕು, ಗಾಯ ನೋಡಬೇಕು. ಮಾತು ಇವೆಲ್ಲ ಆದ ಮೇಲೆ.

ಇದನ್ನು ನಾನು ಮನೆಯಲ್ಲಿ ಅಭ್ಯಾಸ ಮಾಡಿದೆ. ಹಾಲ್‌ನಲ್ಲಿ ಪ್ಲಾಸ್ಟಿಕ್ ಸ್ಟೂಲ್, ಸ್ನಾನದ ಮನೆಯ ಬಕೆಟ್ಟು. ಹೆಂಡತಿ ಮೊಬೈಲ್ ಹಿಡಿದು ಸೆಕೆಂಡ್ ಎಣಿಸುವುದು, ನಾನು ಅಡುಗೆಮನೆಯಿಂದ ಓಡಿ ಬಂದು ಸ್ಟೂಲ್ ಇಡುವುದು. ಮೂರನೇ ದಿನ ಅವಳಿಗೆ ನಗು ತಡೆಯಲಾಗಲಿಲ್ಲ. "ನಲ್ಲೀಲಿ ನೀರು ಬಿಟ್ಟಾಗ ಬಿಂದಿಗೆ ಹಿಡ್ಕೊಂಡು ಓಡೋ ಹಾಗೆ ಓಡ್ತೀರಲ್ಲ ರೀ" ಅಂದಳು. ಅವಳು ನಕ್ಕಳು ಅಂತ ನಾನೇನೂ ನಿಲ್ಲಿಸಲಿಲ್ಲ. ಮೊದಲ ಪಂದ್ಯದಲ್ಲಿ ಅಷ್ಟೆಲ್ಲ ಅಭ್ಯಾಸ ಮಾಡಿಯೂ ಐಸ್ ಚೀಲ ರಿಂಗಿನೊಳಗೆ ಚೆಲ್ಲಿ ರೆಫರಿ ಹತ್ತಿರ ಬೈಸಿಕೊಂಡೆ, ಅದು ಬೇರೆ ವಿಷಯ.

ಗಾಯದ ಕೆಲಸ ಕಲಿಯಲು ಜಾಸ್ತಿ ಸಮಯ ಹಿಡಿಯಿತು. ಹುಬ್ಬು ಒಡೆದರೆ ರಕ್ತ ನೇರ ಕಣ್ಣಿಗೆ ಇಳಿಯುತ್ತದೆ. ಹೊಸಬರು ಒರೆಸುತ್ತಲೇ ಇರುತ್ತಾರೆ. ಒರೆಸಿದರೆ ರಕ್ತ ನಿಲ್ಲುವುದಿಲ್ಲ, ಒತ್ತಬೇಕು. ಒಂದೇ ಸಲ ಒಣಗಿಸಿ, ಸಾವಿರಕ್ಕೆ ಒಂದು ಪ್ರಮಾಣದ ಅಡ್ರಿನಲಿನ್‌ನಲ್ಲಿ ಅದ್ದಿದ ಹತ್ತಿಯ ಕಡ್ಡಿಯನ್ನು ಗಾಯದ ಒಳಗೇ ಇಟ್ಟು ಒತ್ತಿ ಹಿಡಿಯಬೇಕು. ನಿಯಮ ಒಪ್ಪುವ ಕಡೆ ಮಾತ್ರ ಈ ಔಷಧಿ. ಹುಡುಗ ತಲೆ ಅಲ್ಲಾಡಿಸಿದರೂ ಕೈ ಎತ್ತಬಾರದು. ನಡುನಡುವೆ "ನಿಂತಿತಾ" ಅಂತ ಇಣುಕಿ ನೋಡುವ ಚಪಲ ಬರುತ್ತದೆ. ಇಣುಕಿದರೆ ಮತ್ತೆ ಮೊದಲಿನಿಂದ. ಕೊನೆಗೆ ವ್ಯಾಸಲೀನ್ ತುಂಬಿ ಕಳಿಸಬೇಕು. ಊತಕ್ಕೆ ಬೇರೆ ಸಾಮಾನು. ಐಸ್‌ನಲ್ಲಿಟ್ಟ ಉಕ್ಕಿನ ಸಣ್ಣ ತುಂಡು, ಹಿಡಿಯಲು ಮೇಲೊಂದು ಹಿಡಿ, ನೋಡಲು ಗೊಂಬೆಗಳ ಇಸ್ತ್ರಿಪೆಟ್ಟಿಗೆ ಇದ್ದ ಹಾಗೆ. ಹಾಗಂತ ಇಸ್ತ್ರಿ ಮಾಡಿದ ಹಾಗೆ ಉಜ್ಜಬಾರದು. ಉಜ್ಜಿದರೆ ಊತ ಪಕ್ಕಕ್ಕೆ ಹರಡಿ ಕಣ್ಣನ್ನೇ ಮುಚ್ಚುತ್ತದೆ. ಸುಮ್ನೆ ಒತ್ತಿ ಇಟ್ಟಿರಬೇಕು.

ಮಾತಿನ ವಿಷಯಕ್ಕೆ ಬಂದರೆ, ನನ್ನ ಮೊದಲ ದೊಡ್ಡ ತಪ್ಪು ಅಲ್ಲೇ ಆಯಿತು. ನಮ್ಮ ಹುಡುಗ ಗದಗ ಕಡೆಯವನು. ಹೆಸರು ಬೇಡ, ಅವನಿಗೆ ಇಷ್ಟವಾಗುವುದಿಲ್ಲ. ಬಾಕ್ಸರ್ ನಿಶಾಂತ್ ದೇವ್‌ನನ್ನು ನೋಡಿ ಪ್ರೊ, ಅಂದರೆ ವೃತ್ತಿಪರ, ಆಗುವ ಆಸೆ ಹುಟ್ಟಿಸಿಕೊಂಡವನು. ನಿಶಾಂತ್ ಹರಿಯಾಣದ ಕರ್ನಾಲ್‌ನವನಾದರೂ ತರಬೇತಿ ಪಡೆದದ್ದು ಬಳ್ಳಾರಿ ಜಿಲ್ಲೆಯ ವಿಜಯನಗರದ ಕ್ರೀಡಾ ಸಂಸ್ಥೆಯಲ್ಲಿ. 2021ರಲ್ಲಿ ಅಲ್ಲೇ ನಡೆದ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಕರ್ನಾಟಕದ ಪರವಾಗಿ ಆಡಿ ಚಿನ್ನ ಗೆದ್ದ. ಪ್ಯಾರಿಸ್ ಒಲಿಂಪಿಕ್ಸ್ ಆಡಿ, 2025ರ ಜನವರಿಯಲ್ಲಿ ಲಾಸ್ ವೇಗಾಸ್‌ನಲ್ಲಿ ಪ್ರೊ ಆಗಿ ಇಳಿದು ಮೊದಲ ರೌಂಡ್‌ನಲ್ಲೇ ಗೆದ್ದ. ನಮ್ಮವನಿಗೆ ಲಾಸ್ ವೇಗಾಸ್ ಎಲ್ಲಿಂದ ಬರಬೇಕು! ವರ್ಷಕ್ಕೆ ಎರಡು ಮೂರು ಪಂದ್ಯ ಸಿಕ್ಕರೆ ಪುಣ್ಯ. ಎದುರಾಳಿ ಕೊನೇ ವಾರದಲ್ಲಿ ಕೈಕೊಡುತ್ತಾನೆ. ರಕ್ತ ಪರೀಕ್ಷೆ, ಕಣ್ಣಿನ ಪರೀಕ್ಷೆ ಎಲ್ಲ ಮಾಡಿಸಿ ಖರ್ಚಾಗಿರುತ್ತದೆ. ಬಂದ ದುಡ್ಡು ಬಸ್ ಚಾರ್ಜಿಗೂ ಮೊಟ್ಟೆಗೂ ಸಮ.

ಅವನ ಎರಡನೇ ಪಂದ್ಯ. ಎರಡನೇ ರೌಂಡ್ ಮುಗಿಸಿ ಬಂದು ಕೂತ. ನಾನು ಒಂದೇ ಉಸಿರಿಗೆ ಶುರು ಮಾಡಿದೆ. ಜ್ಯಾಬ್ ಹಾಕು, ಎಡಗೈ ಕೆಳಗೆ ಬಿಡಬೇಡ, ಬಲಕ್ಕೆ ಸರಿಯಬೇಡ, ಹೊಟ್ಟೆಗೆ ಹೊಡಿ, ಹಗ್ಗಕ್ಕೆ ಒರಗಬೇಡ, ಅವನು ಸುಸ್ತಾಗಿದ್ದಾನೆ, ಉಸಿರು ಬಿಡು. ಹುಡುಗ ಎಲ್ಲದಕ್ಕೂ ತಲೆಯಾಡಿಸಿದ. ಎದ್ದು ಹೋಗಿ ಅದರಲ್ಲಿ ಒಂದನ್ನೂ ಮಾಡಲಿಲ್ಲ. ಪಂದ್ಯ ಹೇಗೋ ಗೆದ್ದ. ಆಮೇಲೆ ಡ್ರೆಸ್ಸಿಂಗ್ ರೂಮಿನಲ್ಲಿ ಕೇಳಿದೆ, "ನಾನು ಏನು ಹೇಳಿದೆ ನಿಂಗೆ?"

ಅವನು ಸ್ವಲ್ಪ ಹೊತ್ತು ಯೋಚನೆ ಮಾಡಿದ. "ಏನೋ ಎಡಗೈ ಅಂದ್ರಿ ಅಣ್ಣಾರ."

ಅವತ್ತಿನಿಂದ ಒಂದು ನಿಮಿಷಕ್ಕೆ ಒಂದೇ ಮಾತು. ಅದೂ "ಬೇಡ" ಅಂತ ಇರಬಾರದು. ಬಲಕ್ಕೆ ಹೋಗಬೇಡ ಅಂದರೆ ಏದುಸಿರು ಬಿಡುವವನ ಕಿವಿಗೆ ಬೀಳುವುದು "ಬಲಕ್ಕೆ" ಅಷ್ಟೇ. "ಎಡಕ್ಕೆ ಹೋಗು" ಅನ್ನಬೇಕು.

ಕೈ ಕಟ್ಟುವ ಕೆಲಸ ಮಾತ್ರ ನನಗೆ ಮೊದಲಿನಿಂದಲೂ ಪ್ರೀತಿ. ಬೇರೆಯವರು ಇದನ್ನು ಬೇಗ ಮುಗಿಸುತ್ತಾರೆ, ನಾನು ಒಂದು ಕೈಗೆ ಕಾಲು ಗಂಟೆ ತೆಗೆದುಕೊಳ್ಳುತ್ತೇನೆ. ದಿನದ ಪ್ರಾಕ್ಟೀಸಿಗೆ ಕಟ್ಟುವ ಬಟ್ಟೆಯ ಬ್ಯಾಂಡೇಜ್ ಬೇರೆ, ಪಂದ್ಯದ ದಿನ ಕಟ್ಟುವ ಗಾಯಕ್ಕೆ ಸುತ್ತುವಂಥ ತೆಳು ಗಾಜ್ ಬಟ್ಟೆ ಮತ್ತು ಟೇಪ್ ಬೇರೆ. ಹುಡುಗ ಕುರ್ಚಿಯ ಬೆನ್ನಿನ ಮೇಲೆ ಕೈ ಚಾಚಿ, ಬೆರಳು ಅಗಲಿಸಿ ಕೂರುತ್ತಾನೆ. ಮಣಿಕಟ್ಟಿಗೆ ಸುತ್ತು, ಹೆಬ್ಬೆರಳಿಗೆ ಸುತ್ತು, ಗಿಣ್ಣಿನ ಮೇಲೆ ಮಡಿಸಿದ ಮೆತ್ತೆ, ಅದನ್ನು ಹಿಡಿದಿಡಲು ಮತ್ತೆ ಸುತ್ತು. ಬೆರಳುಗಳ ಸಂದಿಗೆ ಟೇಪನ್ನು ಹಗ್ಗದ ಹಾಗೆ ಹೊಸೆದು ಎಳೆಯಬೇಕು. ಎರಡು ಸುತ್ತಿಗೊಮ್ಮೆ "ಮುಷ್ಟಿ ಮಾಡು" ಅನ್ನುತ್ತೇನೆ. ತೆರೆದ ಕೈಗೆ ಸರಿಯಾದದ್ದು ಮುಷ್ಟಿಗೆ ಬಿಗಿಯಾಗುತ್ತದೆ. ಉಗುರಿನ ಬಣ್ಣ ನೋಡುತ್ತಿರಬೇಕು. ಬೆಳ್ಳಗಾದರೆ ಬಿಚ್ಚಿ ಮತ್ತೆ ಕಟ್ಟು. ಈ ಹೊತ್ತಿನಲ್ಲಿ ಹುಡುಗರು ವಿಚಿತ್ರ ವಿಷಯ ಮಾತಾಡುತ್ತಾರೆ. ನಮ್ಮವನು ಒಮ್ಮೆ ಪೂರ್ತಿ ಕಾಲು ಗಂಟೆ ಅವರ ಮನೆಯ ಎಮ್ಮೆ ಕರು ಹಾಕಿದ ಸುದ್ದಿ ಹೇಳಿದ್ದ.

ಕಟ್ಟುವಾಗ ಎದುರಾಳಿ ಕಡೆಯ ಒಬ್ಬ ಬಂದು ನೋಡುತ್ತಾ ನಿಲ್ಲಬಹುದು. ಮುಗಿದ ಮೇಲೆ ಅಧಿಕಾರಿ ಪೆನ್ನಿನಲ್ಲಿ ಗೀಚಿ ಸಹಿ ಹಾಕುತ್ತಾರೆ. ಇದು ಬರೀ ಶಾಸ್ತ್ರ ಅಂದುಕೊಳ್ಳಬೇಡಿ. 2009ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ಬಾಕ್ಸರ್ ಆಂಟೋನಿಯೋ ಮಾರ್ಗರಿಟೋ ಕೈ ಕಟ್ಟಿಸಿಕೊಳ್ಳುತ್ತಿದ್ದಾಗ, ಎದುರಾಳಿ ಶೇನ್ ಮೋಸ್ಲಿಯ ತರಬೇತುದಾರ ನಾಜಿಮ್ ರಿಚರ್ಡ್‌ಸನ್ ನಿಂತು ನೋಡುತ್ತಿದ್ದರು. ಮೆತ್ತೆ ಯಾಕೋ ಗಟ್ಟಿ ಇದೆ ಅಂತ ತಕರಾರು ತೆಗೆದರು. ಬಿಚ್ಚಿಸಿದರೆ ಒಳಗೆ ಗಟ್ಟಿಯಾಗುವ ಪದಾರ್ಥ ಇತ್ತು. ಹೊಸದಾಗಿ ಕಟ್ಟಿಸಿ ಆಡಿಸಿದರು. ಮೋಸ್ಲಿ ಒಂಬತ್ತನೇ ರೌಂಡ್‌ನಲ್ಲಿ ಗೆದ್ದ. ಮಾರ್ಗರಿಟೋನ ಲೈಸೆನ್ಸ್ ರದ್ದಾಯಿತು. ಅಲ್ಲಿ ರಿಚರ್ಡ್‌ಸನ್ ಕಾಫಿ ಕುಡಿಯಲು ಹೋಗಿದ್ದರೆ ಮೋಸ್ಲಿಯ ಗತಿ ಏನಾಗುತ್ತಿತ್ತೋ. ನಾನಂತೂ ಎದುರಿನವನ ಕೈ ಕಟ್ಟುವಾಗ ಮೂತ್ರಕ್ಕೂ ಎದ್ದು ಹೋಗುವುದಿಲ್ಲ.

ಏಳನೇ ಪಂದ್ಯದ ಹೊತ್ತಿಗೆ ನಮ್ಮ ಹುಡುಗನಿಗೆ ಎಂಟು ರೌಂಡಿನ ಆಟ ಸಿಕ್ಕಿತು. ಗೆದ್ದರೆ ಒಂದು ಪಟ್ಟದ ಬೆಲ್ಟು. ದೊಡ್ಡದೇನಲ್ಲ. ಆದರೂ ಬೆಲ್ಟ್ ಇದ್ದರೆ ಹೊರದೇಶದ ಪಂದ್ಯಕ್ಕೆ ಬಾಗಿಲು ತೆಗೆಯುತ್ತದೆ. ತೂಕ 63.5 ಕೆಜಿ, ಗ್ಲೌಸ್ ಎಂಟು ಔನ್ಸು, ಅಂದರೆ ಒಂದೊಂದೂ ಕಾಲು ಕೆಜಿಗಿಂತ ಕಡಿಮೆ. ನಾಲ್ಕು ರೌಂಡ್ ಚೆನ್ನಾಗಿ ಆಡಿದ. ಐದರಲ್ಲಿ ಎಡಗಣ್ಣಿನ ಕೆಳಗೆ ಊತ ಶುರುವಾಯಿತು. ಉಕ್ಕಿನ ತುಂಡು ಒತ್ತಿ ಒತ್ತಿ ಕಳಿಸಿದೆ. ಆರರಲ್ಲಿ ಕಣ್ಣು ಸೀಳಿನಷ್ಟಾಯಿತು. ಎಡಗಣ್ಣು ಮುಚ್ಚಿದರೆ ಎದುರಾಳಿಯ ಬಲಗೈ ಕಾಣುವುದಿಲ್ಲ. ಏಳರಲ್ಲಿ ಆ ಬಲಗೈಯೇ ಬಂತು. ಬಿದ್ದ. ಎಂಟು ಎಣಿಸುವಷ್ಟರಲ್ಲಿ ಎದ್ದ. ಗಂಟೆ ಹೊಡೆಯಿತು.

ಸ್ಟೂಲ್ ಮೇಲೆ ಕೂರಿಸಿ ಅವನ ಬಲಗಣ್ಣನ್ನು ನನ್ನ ಅಂಗೈಯಿಂದ ಮುಚ್ಚಿದೆ. "ನನ್ನ ಮುಖ ಕಾಣ್ತಿದೆಯಾ?" ಅವನು ಉತ್ತರ ಕೊಡಲಿಲ್ಲ. ನನ್ನ ಕೈಯ ಸಂದಿಯಿಂದ ನೋಡಲು ಮೆಲ್ಲಗೆ ಕತ್ತು ಹೊರಳಿಸಿದ. "ಈಗ ಎಷ್ಟನೇ ರೌಂಡ್ ಮುಗೀತು?" "ಆರು" ಅಂದ.

ಮೇಷ್ಟ್ರ ಕಥೆ ಅರ್ಥವಾದದ್ದು ಅಲ್ಲೇ ನೋಡಿ. 1964ರ ಫೆಬ್ರವರಿ 25, ಮಯಾಮಿ. ಅಲಿ ಆಗಿನ್ನೂ ಕ್ಯಾಷಿಯಸ್ ಕ್ಲೇ, 22ರ ಹುಡುಗ. ಸಾನಿ ಲಿಸ್ಟನ್ ಎದುರು ನಾಲ್ಕು ರೌಂಡ್ ಆಡಿ ಬಂದು ಕೂತ. ಕಣ್ಣು ಉರಿಯುತ್ತಿದೆ, ಏನೂ ಕಾಣುತ್ತಿಲ್ಲ, ಗ್ಲೌಸ್ ಕತ್ತರಿಸಿಬಿಡಿ ಅಂದ. ಡಂಡೀ ಸ್ಪಂಜಿನಿಂದ ಕಣ್ಣು ತೊಳೆದು, ಓಡುತ್ತಿರು ಅಂತ ಹೇಳಿ ಒಳಗೆ ತಳ್ಳಿದರು. ಐದನೇ ರೌಂಡ್ ಪೂರ್ತಿ ತಪ್ಪಿಸಿಕೊಂಡು ಓಡಾಡಿದ. ಆರರಲ್ಲಿ ಕಣ್ಣು ತಿಳಿಯಾಯಿತು. ಏಳಕ್ಕೆ ಲಿಸ್ಟನ್ ಸ್ಟೂಲ್ ಬಿಟ್ಟು ಏಳಲೇ ಇಲ್ಲ. ಕ್ಲೇ ವಿಶ್ವ ಚಾಂಪಿಯನ್. ಅದೇ ಡಂಡೀ 1980ರ ಅಕ್ಟೋಬರ್ 2ರಂದು ಲಾಸ್ ವೇಗಾಸ್‌ನಲ್ಲಿ, 38 ವರ್ಷದ ಅಲಿ ಲ್ಯಾರಿ ಹೋಮ್ಸ್ ಕೈಯಲ್ಲಿ ಹತ್ತು ರೌಂಡ್ ಹೊಡೆತ ತಿಂದು ಕೂತಾಗ, ಸಾಕು ನಿಲ್ಲಿಸಿ ಅಂತ ರೆಫರಿಗೆ ಹೇಳಿದರು. ಮೂಲೆಯಲ್ಲೇ ಇದ್ದ ಅಲಿಯ ಸಹಾಯಕ ಬುಂಡಿನಿ ಬ್ರೌನ್ ಇನ್ನೊಂದು ರೌಂಡ್ ಕೊಡಿ ಅಂತ ಅವರನ್ನು ಹಿಡಿದೆಳೆದರೂ ಬಗ್ಗಲಿಲ್ಲ. 61 ಪಂದ್ಯಗಳಲ್ಲಿ ಅಲಿ ಹಾಗೆ ಆಟ ನಡುವೆಯೇ ನಿಂತು ಸೋತದ್ದು ಅದೊಂದೇ. ಇವೆರಡರ ನಡುವೆ 1975ರ ಮನಿಲಾ. ಅಲ್ಲಿ ಅಲಿಯ ಎದುರಾಳಿ ಜೋ ಫ್ರೇಜಿಯರ್‌ನ ಮೂಲೆಯಲ್ಲಿದ್ದ ತರಬೇತುದಾರ ಎಡ್ಡಿ ಫಚ್ 14 ರೌಂಡ್ ಮುಗಿದ ಮೇಲೆ, ಕೊನೆಯದೊಂದೇ ಬಾಕಿ ಇದ್ದಾಗ ಆಟ ನಿಲ್ಲಿಸಿದರು. ಫ್ರೇಜಿಯರ್ ಬೇಡ ಬೇಡ ಅನ್ನುತ್ತಲೇ ಇದ್ದ.

ಕಣ್ಣು ಕಾಣದ ಕ್ಲೇಯನ್ನು ತಳ್ಳಿದ್ದು ಸರಿಯಾಯಿತು ಅಂತ ನಾವು ಈಗ ಹೇಳುತ್ತೇವೆ, ಅವನು ಗೆದ್ದ ಅಂತ. ಸೋತಿದ್ದರೆ, ಕಣ್ಣು ಹೋಗಿದ್ದರೆ? ಈ ಪ್ರಶ್ನೆ ಮೇಷ್ಟ್ರನ್ನು ಯಾವತ್ತೂ ಕೇಳಲಿಲ್ಲ.

ನಾನು ರೆಫರಿಯನ್ನು ಕರೆದು ಕೈಬೀಸಿದೆ. ಹುಡುಗ ನನ್ನ ಮೊಣಕೈ ಹಿಡಿದುಕೊಂಡ. "ಎರಡ ರೌಂಡ್ ಐತಲ್ರೀ ಅಣ್ಣಾರ." ಅವನ ಲೆಕ್ಕದಲ್ಲಿ ಎರಡು. ನಿಜಕ್ಕೂ ಇದ್ದದ್ದು ಒಂದೇ.

ಸ್ಕೋರ್ ಕಾರ್ಡನ್ನು ಆಮೇಲೆ ನೋಡಿದೆ. ನೋಡಬಾರದಿತ್ತು. ಏಳು ರೌಂಡ್ ಮುಗಿದಾಗ ಇಬ್ಬರು ಜಡ್ಜ್‌ಗಳ ಲೆಕ್ಕದಲ್ಲಿ ನಮ್ಮವನು 67-65 ಮುಂದಿದ್ದ, ಮೂರನೆಯವರದ್ದು 66-66. ಕೊನೇ ರೌಂಡ್ ಮಾಮೂಲಿಯಾಗಿ ಸೋತಿದ್ದರೂ 76-75. ಮೂರು ನಿಮಿಷ ಬೀಳದೆ ನಿಂತಿದ್ದರೆ ಬೆಲ್ಟು ಅವನದ್ದು. ಅದೇ ರಾತ್ರಿ ತಲೆಯ ಸ್ಕ್ಯಾನ್ ಮಾಡಿಸಿದೆವು. ಏನೂ ಇರಲಿಲ್ಲ. ಸಮಾಧಾನ ಆಯಿತು. ಹಾಗಾದರೆ ಬಿಡಬಹುದಿತ್ತಾ ಅಂತ ಒಳಗೆ ಕೊರೆಯುವುದೂ ಆಗಲೇ ಶುರುವಾಯಿತು. ಇನ್ನೂ ಪೂರ್ತಿ ನಿಂತಿಲ್ಲ.

ಅವನು ಊರಿಗೆ ಹೋದ. ಫೋನ್ ಎತ್ತಲಿಲ್ಲ. ಒಂದು ದಿನ ಅವರ ತಾಯಿಯೇ ಮಾಡಿದರು. "ಊಟಾ ಚಲೋ ಮಾಡ್ತಾನ್ರೀ ಸರ. ಮಾತಾಡವಲ್ಲ." ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಕಣ್ಣು ಹೇಗಿದೆ ಅಂತ ಕೇಳಿದೆ. ಇಳಿದಿದೆ ಅಂದರು.

ಐದು ತಿಂಗಳ ಮೇಲೆ ಬಂದ. ಒಂದು ಆರು ರೌಂಡಿನ ಪಂದ್ಯ ಒಪ್ಪಿಕೊಂಡಿದ್ದ, ನನಗೆ ಗೊತ್ತೇ ಇರಲಿಲ್ಲ. ಪಂದ್ಯದ ದಿನ ಡ್ರೆಸ್ಸಿಂಗ್ ರೂಮಿನಲ್ಲಿ ಕುರ್ಚಿ ತಿರುಗಿಸಿ ಹಾಕಿ, ಅದರ ಬೆನ್ನಿನ ಮೇಲೆ ಕೈ ಚಾಚಿ, ಬೆರಳು ಅಗಲಿಸಿ ಕೂತ. ನಾನು ಮಣಿಕಟ್ಟಿನಿಂದ ಶುರು ಮಾಡಿದೆ. ಅರ್ಧ ರೋಲ್ ಮುಗಿಯುವವರೆಗೆ ಇಬ್ಬರೂ ಮಾತಾಡಲಿಲ್ಲ.

"ಈ ಸಲ ಹೆಬ್ಬೆರಳು ಸ್ವಲ್ಪ ಸಡ್ಲ ಬಿಡ್ರಿ" ಅಂದ.