ಮಂಡಕ್ಕಿಗೆ ಒಂದು ಗಾಡಿ, ಮೆಕ್ಕೆಜೋಳಕ್ಕೆ ಒಂದು ಗಾಡಿ: ನನ್ನ ಅನುಭವ

ಹೋದ ತಿಂಗಳು ಚಿತ್ರದುರ್ಗದಿಂದ ಅಕ್ಕನ ಮಗ ಬಂದಿದ್ದ. "ಮಾವ, ಲೋನ್ ಆಗೈತಿ, ಯಾವ ಗೂಡ್ಸ್ ಗಾಡಿ ತಗಳ್ಲಿ, ಎಷ್ಟು ಎಚ್‌ಪಿದು ತಗಳ್ಲಿ" ಅಂತ ಕೂತ. ನಾನು ಕೇಳಿದ್ದು ಒಂದೇ, "ಏನ್ ಲೋಡ್ ಹಾಕ್ತೀಯಪ್ಪ?" ಸುಮ್ನಾಗಿಬಿಟ್ಟ. 2013ರಲ್ಲಿ ನಾನು ಮೊದಲನೇ ಗಾಡಿ ತಗೊಂಡಾಗ ಯಾರೂ ನನ್ನನ್ನ ಈ ಪ್ರಶ್ನೆ ಕೇಳಿರ್ಲಿಲ್ಲ, ಕೇಳಿದ್ರೆ ಮೂರು ವರ್ಷ ಉಳೀತಿತ್ತು, ಅದಕ್ಕೇ ಇಷ್ಟುದ್ದ ಬರೀತಿದೀನಿ.

ನಾನು ಡ್ರೈವಿಂಗ್ ಕಲ್ತಿದ್ದು ದೊಡ್ಡಪ್ಪನ ಟಾಟಾ 407ರಲ್ಲಿ. ಅದು 1986ರಿಂದ ಬಂದಿರೋ ಗಾಡಿ, ನಮ್ಮ ಕಡೆ ಅದನ್ನ ಓಡಿಸದೇ ಇರೋ ಡ್ರೈವರ್ ಸಿಗೋದು ಕಷ್ಟ. ಟಾಟಾದವರ ಹಳೇ ನಂಬರ್‌ಗಳಲ್ಲೇ ಲೆಕ್ಕ ಇರುತ್ತೆ ಅಂತ ದೊಡ್ಡಪ್ಪನೇ ಹೇಳಿಕೊಟ್ಟಿದ್ರು, ಮುಂದಿನ ಅಂಕಿ ಗಾಡಿ ಲೋಡು ಎರಡೂ ಸೇರಿ ಸುಮಾರು ಎಷ್ಟು ಟನ್, ಕೊನೇ ಎರಡು ಅಂಕಿನ ಹತ್ತರಿಂದ ಗುಣಿಸಿದ್ರೆ ಸುಮಾರು ಎಚ್‌ಪಿ. 1109 ಅಂದ್ರೆ 11 ಟನ್, 90ರ ಆಸುಪಾಸು ಎಚ್‌ಪಿ. ಈಗಿನ ಇಂಜಿನ್‌ಗಳಲ್ಲಿ ಎಚ್‌ಪಿ ಜಾಸ್ತಿನೇ ಇದೆ, ಆದ್ರೆ ಟನ್ ಲೆಕ್ಕ ಹೆಚ್ಚುಕಡಿಮೆ ಹಂಗೇ ನಡೀತಿದೆ.

ನಾನು ತಗೊಂಡಿದ್ದು ಸೆಕೆಂಡ್ ಹ್ಯಾಂಡ್ 14 ಅಡಿ ಗಾಡಿ. ಇಂಜಿನ್ ಚೆನ್ನಾಗಿತ್ತು, ರೇಟೂ ಕಮ್ಮಿ ಇತ್ತು. ಆದ್ರೆ ನನಗೆ ಪರಿಚಯ ಇದ್ದಿದ್ದೆಲ್ಲ ದಾವಣಗೆರೆ ಮಂಡಕ್ಕಿ ಭಟ್ಟಿಯವರು. ಮಂಡಕ್ಕಿ ಅಂದ್ರೆ ಗಾಳಿ ಸಾಗಿಸಿದ ಹಾಗೆ ರೀ, ಮಾಲು ಹಾಕೋ 14 ಅಡಿ ಬಾಡಿಲಿ ತಲೆ ಮೇಲೆ ಬರೋವರೆಗೂ ಚೀಲ ಒಟ್ಟಿದ್ರೂ ಗಾಡಿ ತೂಗೋ ಕಾಟಾದಲ್ಲಿ ಮಾಲು ಒಂದೂವರೆ ಟನ್ ದಾಟ್ತಿರ್ಲಿಲ್ಲ. ಪಕ್ಕದವನ 20 ಅಡಿ ಗಾಡಿ ಅದೇ ಡೀಸೆಲ್‌ಗೆ ಸ್ವಲ್ಪ ಮೇಲೆ ಸುಟ್ಟು ನನ್ನ ಒಂದೂವರೆ ಪಾಲು ಚೀಲ ಹೊತ್ತೊಯ್ತಿತ್ತು, ಬಾಡಿಗೆ ಕೊಡೋದು ಚೀಲದ ಲೆಕ್ಕದಲ್ಲಿ. ನನ್ನ ಗಾಡಿಗೆ ತಾಕತ್ತಿತ್ತು, ಜಾಗ ಇರ್ಲಿಲ್ಲ. ಮೂರು ವರ್ಷ ಹಂಗೇ ತಳ್ಳಿ ಕೊನೆಗೆ ಮಾರಿದೆ.

ಈಗ ಇರೋದು 2021ರಲ್ಲಿ ತಗೊಂಡ ಬಿಎಸ್6 (ಹೊಗೆ ನಿಯಮದ ಹೊಸ ಹಂತದ್ದು), 11 ಟನ್ ಚಿಲ್ಲರೆ ಕ್ಲಾಸು, 20 ಅಡಿ ಬಾಡಿ. ಮಂಡಕ್ಕಿಗೆ ಹೇಳಿ ಮಾಡಿಸಿದಂಗೆ ಇದೆ. ಆದ್ರೆ ದೀಪಾವಳಿ ಹೊತ್ತಿಗೆ ಎಪಿಎಂಸಿಗೆ ಮೆಕ್ಕೆಜೋಳ ಬರೋಕೆ ಶುರುವಾದಾಗ ಇದೇ ಉದ್ದ ಬಾಡಿ ತಾಪತ್ರಯ. ಹೊಸಬರು ಇದನ್ನ ತಲೇಲಿ ಇಟ್ಕೊಳ್ಳಿ. ಆರ್‌ಸಿಲಿ ಬರೆದಿರೋ ಜಿವಿಡಬ್ಲ್ಯು, ಅಂದ್ರೆ ಒಟ್ಟು ತೂಕದ ಮಿತಿ, ಪೂರ್ತಿ ಮಾಲಿನ ತೂಕ ಅಲ್ಲ, ಮಾಲಿನ ಜೊತೆ ಗಾಡಿ, ಬಾಡಿ, ಡೀಸೆಲ್, ಸ್ಟೆಪ್ನಿ, ನೀವು, ಕ್ಲೀನರ್ ಎಲ್ಲಾ ಸೇರಿ ಅಷ್ಟು. ಬಾಡಿ ಕಟ್ಟಿಸಿದ ಮಾರನೇ ದಿನ ಖಾಲಿ ಗಾಡೀನ ಕಾಟಾ ಮೇಲೆ ನಿಲ್ಲಿಸಿ ತೂಗಿಸಿ, ಚೀಟಿ ಇಟ್ಕೊಳ್ಳಿ. ಕಬ್ಬಿಣ ಜಾಸ್ತಿ ಹಾಕಿ ಬಾಡಿ ಕಟ್ಟಿಸಿದಷ್ಟೂ ಪಾಸಿಂಗ್, ಅಂದ್ರೆ ಹಾಕಬಹುದಾದ ಮಾಲಿನ ತೂಕ, ಕಮ್ಮಿ ಆಗುತ್ತೆ, ಜೀವಮಾನ ಪೂರ್ತಿ. ನನ್ನದರಲ್ಲಿ ಕಳೆದ್ರೆ ಉಳಿಯೋದು ಆರೂವರೆ ಟನ್. ಆರೂವರೆ ಟನ್ ಮೆಕ್ಕೆಜೋಳ 20 ಅಡಿ ಬಾಡಿಲಿ ಎರಡೂವರೆ ಅಡಿ ಎತ್ತರ ಬಂದ್ರೆ ಹೆಚ್ಚು. ನೋಡೋರಿಗೆ ಮುಕ್ಕಾಲು ಗಾಡಿ ಖಾಲಿ. ಸಾವ್ಕಾರ್ರು "ಇನ್ನೂ ಇಷ್ಟು ಜಾಗ ಐತಲ್ಲೋ, ಇನ್ನೊಂದು ಇಪ್ಪತ್ತು ಚೀಲ ಹಾಕು" ಅಂತಾರೆ, ಹಮಾಲರು ಆಗ್ಲೇ ಬೆನ್ನ ಮೇಲೆ ಚೀಲ ತಗೊಂಡು ನಿಂತಿರ್ತಾರೆ. ಚೀಲ 60 ಕೆಜಿ ಅಂದ್ರೂ ಇಪ್ಪತ್ತಕ್ಕೆ 1,200 ಕೆಜಿ ಆಯ್ತು.

ನಾನೂ ಒಂದು ಸೀಸನ್ ಬೇಡ ಅನ್ನೋಕೆ ಆಗ್ದೆ ಹಾಕ್ಕೊಂಡು ಓಡಿಸಿದೀನಿ. ಒಂದಿನ ಮಧ್ಯಾಹ್ನ ಭರಮಸಾಗರ ದಾಟಿದ ಮೇಲೆ ಹಿಂದಿನ ಎಡಗಡೆ ಒಳಗಿನ ಟೈರ್ ಸಿಡೀತು. ಗಾಡಿ ಎಡಕ್ಕೆ ಎಳೀತು, ಪುಣ್ಯಕ್ಕೆ ಸ್ಪೀಡ್ ಐವತ್ತರ ಒಳಗಿತ್ತು, ಬ್ರೇಕ್ ತುಳೀದೆ ಆಕ್ಸಿಲರೇಟರ್ ಬಿಟ್ಟು ಸ್ಟೇರಿಂಗ್ ಗಟ್ಟಿಯಾಗಿ ಹಿಡಿದು ನಿಧಾನಕ್ಕೆ ಪಕ್ಕಕ್ಕೆ ತಂದೆ. ಇಳಿದು ನೋಡಿದ್ರೆ ಟೈರ್ ಅರ್ಧಕ್ಕರ್ಧ ಚಿಂದಿ, ಹತ್ರ ಹೋಗಕ್ಕಾಗದಷ್ಟು ಬಿಸಿ, ಸುಟ್ಟ ರಬ್ಬರ್ ವಾಸನೆ. ಬೆಳಗ್ಗೆಯಿಂದ್ಲೇ ಅದರಲ್ಲಿ ಗಾಳಿ ಕಮ್ಮಿ ಇದ್ದಿರ್ಬೇಕು, ಜೋಡಿ ಟೈರಲ್ಲಿ ಹೊರಗಿನದು ಭಾರ ಹೊತ್ಕೊಂಡು ನಿಂತಿರುತ್ತೆ, ಒಳಗಿನದು ಕೂತಿದ್ರೂ ಕಣ್ಣಿಗೆ ಕಾಣಲ್ಲ. ಆವತ್ತಿಂದ ಹೊರಡೋಕೆ ಮುಂಚೆ ವೀಲ್ ಪಾನದ ರಾಡ್ ತಗೊಂಡು ಆರೂ ಟೈರಿಗೂ ನಾನೇ ಹೊಡೆದು ಸದ್ದು ಕೇಳ್ತೀನಿ. ಗಾಳಿ ತುಂಬಿದ್ರೆ ರಾಡ್ ಕೈಗೆ ಪುಟಿದು ವಾಪಸ್ ಬರುತ್ತೆ, ಕಮ್ಮಿ ಇದ್ರೆ "ಧಪ್" ಅಂತ ಅಲ್ಲೇ ಕೂರುತ್ತೆ. ದಂಡದ ಮಾತು ಬೇರೆ ಇದೆ, 2019ರ ತಿದ್ದುಪಡಿ ಕಾಯ್ದೆಲಿ ಓವರ್‌ಲೋಡಿಗೆ 20 ಸಾವಿರ, ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ 2 ಸಾವಿರ ಅಂತಿದೆ. ಆದ್ರೆ ನಾನು ಬಿಟ್ಟಿದ್ದು ದಂಡಕ್ಕೆ ಹೆದರಿ ಅಲ್ಲ, ಆವತ್ತು ಪಕ್ಕದಲ್ಲಿ ಬೈಕಲ್ಲಿ ಗಂಡ ಹೆಂಡ್ತಿ ಮಗು ಹೋಗ್ತಿದ್ರು.

ಹಗುರ ಲೋಡು ಅಂದ್ರೆ ಆರಾಮ ಅಂತಾನೂ ಅನ್ಕೋಬೇಡಿ. ಆಷಾಢದಲ್ಲಿ ಮಂಡಕ್ಕಿ ಎತ್ತರಕ್ಕೆ ಒಟ್ಕೊಂಡು ಚಿತ್ರದುರ್ಗದ ಹತ್ರ ಆ ಗಾಳಿಯಂತ್ರದ ಗುಡ್ಡಗಳ ಕಡೆ ಬಂದ್ರೆ ಗೊತ್ತಾಗುತ್ತೆ. ಭಾರ ಇಲ್ಲ, ಎತ್ತರ ಇದೆ, ಲೋಡ್ ಪೂರ್ತಿ ಹಾಯಿ ಆಗಿಬಿಡುತ್ತೆ. ಗುಡ್ಡದ ಮರೆಯಿಂದ ಬಯಲಿಗೆ ಬಂದ ಕೂಡ್ಲೆ, ಇಲ್ಲಾ ಪಕ್ಕದಲ್ಲಿ ಕಂಟೇನರ್ ಓವರ್‌ಟೇಕ್ ಮಾಡಿ ಹೋದ ಕೂಡ್ಲೆ ಗಾಡಿ ಒಂದು ಸಲ ವಾಲುತ್ತೆ. ಅಲ್ಲಿ ನಾನು 50ಕ್ಕಿಂತ ಮೇಲೆ ಹೋಗಲ್ಲ. ತಾಡಪಾಲು ಸಡಿಲ ಇರಬಾರ್ದು, ಹೊರಟು ಹತ್ತು ಹದಿನೈದು ಕಿಲೋಮೀಟರ್ ಆದ್ಮೇಲೆ ಒಂದ್ಸಲ ನಿಲ್ಲಿಸಿ ಹಗ್ಗ ಮತ್ತೆ ಬಿಗೀಬೇಕು, ಚೀಲ ಕೂತಿರುತ್ತೆ.

ಓಡಿಸೋದರ ಬಗ್ಗೆ ಹೇಳೋದು ಜಾಸ್ತಿ ಇಲ್ಲ. ಇಂಜಿನ್ ಎಷ್ಟು ಜೋರಾಗಿ ತಿರುಗ್ತಿದೆ ಅಂತ ತೋರಿಸೋ ಮೀಟರ್‌ನಲ್ಲಿ ಹಸಿರು ಪಟ್ಟಿ ಕೊಟ್ಟಿರ್ತಾರೆ, ಮುಳ್ಳು ಅದರೊಳಗೇ ಇರಲಿ, ಡೀಸೆಲ್ ಇಂಜಿನ್ನಿನ ಎಳೆಯೋ ಶಕ್ತಿ ಇರೋದು ಅಲ್ಲೇ, ಕಿರುಚಿಸಿದ್ರೆ ಬರೀ ಡೀಸೆಲ್ ಹೋಗುತ್ತೆ. ನಿಲ್ಲಿಸೋಕೆ ಮುಂಚೆ ಒಂದೆರಡು ನಿಮಿಷ ಐಡ್ಲಿಂಗ್ ಬಿಡಿ, ಇಂಜಿನ್ನಿಗೆ ಗಾಳಿ ತಳ್ಳೋ ಟರ್ಬೋ ಇನ್ನೂ ಜೋರಾಗಿ ತಿರುಗ್ತಿರುವಾಗ ಆಫ್ ಮಾಡಿದ್ರೆ ಅದಕ್ಕೆ ಆಯಿಲ್ ನಿಂತೋಗುತ್ತೆ. ಅಕ್ಕಿ ಲೋಡ್ ತಗೊಂಡು ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿಯುವಾಗ ದೊಡ್ಡಪ್ಪನ ಮಾತು ನೆನಪಿಗೆ ಬರುತ್ತೆ, "ಹತ್ತೋ ಗೇರಲ್ಲೇ ಇಳೀಬೇಕು". ಇಳಿಜಾರು ಶುರು ಆಗೋಕೆ ಮುಂಚೆನೇ ಗೇರ್ ಇಳಿಸಿ, ಎಕ್ಸಾಸ್ಟ್ ಬ್ರೇಕ್ (ಹೊಗೆ ತಡೆದು ಇಂಜಿನ್ನಿಂದಲೇ ಸ್ಪೀಡ್ ಹಿಡಿಯೋದು) ಹಾಕಿ, ಕಾಲು ಬ್ರೇಕ್ ತಿರುವಿಗೆ ಉಳಿಸ್ಕೊಳ್ಳಿ. ನ್ಯೂಟ್ರಲ್‌ನಲ್ಲಿ ಇಳಿಸೋರನ್ನ ಕಂಡ್ರೆ ನನಗೆ ಕೈಕಾಲು ನಡುಗುತ್ತೆ.

ಬಿಎಸ್6 ವಿಷಯ ಮಾತ್ರ ಬಿಡಿಸಿ ಹೇಳ್ಬೇಕು. 2020ರ ಏಪ್ರಿಲ್‌ನಿಂದ ಬಂದಿರೋ ಈ ಗಾಡಿಗಳ ಸೈಲೆನ್ಸರ್ ಲೈನಲ್ಲಿ ಡಿಪಿಎಫ್ ಅಂತ ಮಸಿ ಹಿಡಿಯೋ ಫಿಲ್ಟರ್ ಇದೆ. ಹೈವೇಲಿ ಲೋಡ್ ಮೇಲೆ ಓಡ್ತಿದ್ರೆ ಬಿಸಿಗೆ ಮಸಿ ತಾನೇ ಸುಟ್ಟು ಹೋಗುತ್ತೆ. ನಾನು ಎರಡು ವಾರ ಎಪಿಎಂಸಿಯಿಂದ ಊರೊಳಗಿನ ಗೋಡೌನಿಗೆ ಬರೀ ಆರೇಳು ಕಿಲೋಮೀಟರ್ ಟ್ರಿಪ್ ಹೊಡೆದೆ, ಕ್ಯೂನಲ್ಲಿ ಇಂಜಿನ್ ಆನ್ ಇಟ್ಕೊಂಡೇ ನಿಂತೆ, ಡಿಪಿಎಫ್ ಕಟ್ಟಿಕೊಂಡಿದೆ ಅನ್ನೋ ಲೈಟ್ ಬಂತು, ಆಮೇಲೆ ಪಿಕಪ್ಪೇ ಸತ್ತೋಯ್ತು. ಆಗ ನಿಲ್ಲಿಸಿ ಸ್ವಿಚ್ ಒತ್ತಿ ರೀಜನರೇಷನ್, ಅಂದ್ರೆ ಮಸಿ ಸುಡೋ ಕೆಲಸ, ಮಾಡ್ಬೇಕು, ಅರ್ಧ ಗಂಟೆ ಹಿಡಿಯುತ್ತೆ. ಅಷ್ಟೊತ್ತು ಸೈಲೆನ್ಸರ್ ಬೆಂಕಿ ಕೊಳ್ಳಿ ಇದ್ದಂಗೆ. ರೈತರ ಕಣದಲ್ಲಿ, ಮೆಕ್ಕೆಜೋಳದ ರವದಿ ಮೇಲೆ, ಒಣಹುಲ್ಲಿನ ಹತ್ರ ಯಾವ ಕಾರಣಕ್ಕೂ ಮಾಡ್ಬೇಡಿ, ಬರೀ ಮಣ್ಣೋ ಕಾಂಕ್ರೀಟೋ ಇರೋ ಕಡೆ ನಿಲ್ಲಿಸಿ. ಇನ್ನು ಹೊಗೆ ಶುದ್ಧ ಮಾಡೋಕೆ ಬಳಸೋ ಡಿಇಎಫ್ ದ್ರಾವಣದ ಟ್ಯಾಂಕಿಗೆ ಹೊಲದ ಯೂರಿಯಾ ನೀರಲ್ಲಿ ಕರಗಿಸಿ ಹಾಕಿದವರನ್ನ ಕಂಡಿದೀನಿ. ಅದು 32.5 ಪರ್ಸೆಂಟ್ ಯೂರಿಯಾ ಇರೋ ಶುದ್ಧ ದ್ರಾವಣ, ಗೊಬ್ಬರದ್ದು ಹಾಕಿದ್ರೆ ಉಳಿಯೋ ನೂರಿನ್ನೂರಕ್ಕೆ ಇಡೀ ಸಿಸ್ಟಮ್ ಬದಲಾಯಿಸೋ ಖರ್ಚು ಬೀಳುತ್ತೆ.

ಅಕ್ಕನ ಮಗನ್ನ ವಾಪಸ್ ಕಳಿಸಿ, ಹದಿನೈದು ದಿನ ಓಡಾಡಿ ಕೇಳ್ಕೊಂಡು ಬಾ ಅಂದಿದ್ದೆ. ಹೋದ ವಾರ ಫೋನ್ ಮಾಡಿದ್ದ, ಸಿಮೆಂಟ್ ಗೋಡೌನಿಂದ ಚಿತ್ರದುರ್ಗದ ಸುತ್ತಮುತ್ತ ಹೋಬಳಿಗಳಿಗೆ ಹೊಡೆಯೋದಂತೆ, ದಿನಾ ನಾಲ್ಕೈದು ಸಣ್ಣ ಟ್ರಿಪ್ಪು. ಅದಕ್ಕೆ 20 ಅಡಿ ಯಾಕೆ, ಸಿಮೆಂಟು ಭಾರದ ಲೋಡು, ಓಣಿಲಿ ತಿರುಗ್ಬೇಕು, 14 ಅಡಿ ಸಾಕು. ಸಣ್ಣ ಟ್ರಿಪ್ ಆಗಿರೋದ್ರಿಂದ ಡಿಪಿಎಫ್ ತಾಪತ್ರಯ ಇಲ್ಲದ, 2020ಕ್ಕೆ ಮುಂಚಿನ ಹಂತದ ಬಿಎಸ್4 ಒಳ್ಳೇದು ಸಿಕ್ರೆ ನೋಡು ಅಂದೆ. ಅವನ ಲೈಸೆನ್ಸ್ ಎಲ್‌ಎಂವಿ (ಹಗುರ ಗಾಡಿದು), ಅದರಲ್ಲಿ ಲೋಡ್ ಸೇರಿ ಒಟ್ಟು 7,500 ಕೆಜಿವರೆಗಿನ ಗೂಡ್ಸ್ ಗಾಡಿ ಓಡಿಸಬಹುದು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಅದಕ್ಕಿಂತ ಮೇಲಿನದು ತಗೊಂಡ್ರೆ ಮೊದಲು ಹೆವಿ ಲೈಸೆನ್ಸ್ ಮಾಡಿಸ್ಬೇಕು. ಭಾನುವಾರ ಒಂದು ಗಾಡಿ ನೋಡೋಕೆ ಹೊಳಲ್ಕೆರೆಗೆ ಹೋಗ್ತಿದೀವಿ. ಓನರ್‌ಗೆ ಆಗ್ಲೇ ಹೇಳಿಟ್ಟಿದೀನಿ, ಇಂಜಿನ್ ತಣ್ಣಗಿರಲಿ, ನಾವು ಬಂದ್ಮೇಲೇ ಸ್ಟಾರ್ಟ್ ಮಾಡೋಣ, ಆಮೇಲೆ ಹತ್ರದ ಕಾಟಾಗೆ ಹೋಗಿ ಖಾಲಿ ಗಾಡಿ ತೂಗೋಣ ಅಂತ.