ನಕ್ಷೆಯ ಹಳದಿ ಮತ್ತು ಸಾವಿರ ಅಡಿ: ಊರ ಮೇಲೆ ಹಾರುವ ಎತ್ತರವನ್ನು ಪೈಲಟ್‌ಗಳು ಲೆಕ್ಕ ಹಾಕುವುದು ಹೇಗೆ?

ಅಮೆರಿಕದ ವಿಮಾನಯಾನ ಆಡಳಿತವಾದ ಎಫ್‌ಎಎ ಪ್ರಕಟಿಸುವ ಸೆಕ್ಷನಲ್ ಚಾರ್ಟ್ (ನೆಲ ನೋಡಿಕೊಂಡು ಹಾರುವ ಪೈಲಟ್‌ಗಳ ನಕ್ಷೆ) ಬಿಡಿಸಿಟ್ಟರೆ ದೊಡ್ಡ ಊರುಗಳೆಲ್ಲ ಹಳದಿ ಬಣ್ಣದಲ್ಲಿ ಎದ್ದು ಕಾಣುತ್ತವೆ. ಚಿಕ್ಕ ಊರುಗಳಿಗೆ ಒಂದು ಪುಟ್ಟ ವೃತ್ತ, ಪಕ್ಕದಲ್ಲಿ ಹೆಸರು. ಪೈಲಟ್ ತರಬೇತಿಗೆ ಸೇರಿದ ಅನೇಕರು ಮೊದಲ ವಾರದಲ್ಲೇ ಒಂದು ಸೂತ್ರ ಮಾಡಿಕೊಳ್ಳುತ್ತಾರೆ: ಹಳದಿಯ ಮೇಲೆ ಸಾವಿರ ಅಡಿ, ಹಳದಿ ದಾಟಿದರೆ ಐನೂರು. ಈ ಸೂತ್ರ ತಪ್ಪು. ಎತ್ತರದ ನಿಯಮದಲ್ಲಿ ಹಳದಿ ಬಣ್ಣದ ಪ್ರಸ್ತಾಪವೇ ಇಲ್ಲ. ಹಳದಿ ಇರುವುದು ಮೇಲಿನಿಂದ ನೋಡಿದಾಗ ಊರಿನ ಆಕಾರ ಗುರುತು ಹಿಡಿದು ದಾರಿ ಕಂಡುಕೊಳ್ಳಲು. ಎತ್ತರ ನಿರ್ಧರಿಸಬೇಕಾದದ್ದು ಕೆಳಗೆ ನಿಜವಾಗಿ ಏನಿದೆ ಎಂಬುದನ್ನು ನೋಡಿ.

ಮೊದಲು ನಿಯಮ ಗಟ್ಟಿಯಾಗಲಿ

ಅಮೆರಿಕದಲ್ಲಿ ಇದು 91.119ನೇ ನಿಯಮ. ಟೇಕಾಫ್ ಮತ್ತು ಲ್ಯಾಂಡಿಂಗ್‌ಗೆ ಅಗತ್ಯವಾದಷ್ಟು ಹೊತ್ತು ಬಿಟ್ಟು ಉಳಿದ ಹಾರಾಟಕ್ಕೆಲ್ಲ ಅನ್ವಯಿಸುತ್ತದೆ. ನಗರ, ಪಟ್ಟಣ ಅಥವಾ ವಸತಿಯ ಜನನಿಬಿಡ ಭಾಗದ ಮೇಲಾಗಲಿ, ಬಯಲಲ್ಲಿ ಸೇರಿದ ಜನರ ಮೇಲಾಗಲಿ ಹಾರುವಾಗ, ವಿಮಾನದಿಂದ ಅಡ್ಡಲಾಗಿ 2,000 ಅಡಿ ತ್ರಿಜ್ಯದೊಳಗಿನ ಅತಿ ಎತ್ತರದ ಅಡೆತಡೆಗಿಂತ 1,000 ಅಡಿ ಮೇಲಿರಬೇಕು. ಉಳಿದ ಕಡೆ ನೆಲದಿಂದ 500 ಅಡಿ ಸಾಕು. ತೆರೆದ ನೀರು ಅಥವಾ ತೀರಾ ವಿರಳ ಜನವಸತಿ ಇರುವಲ್ಲಿ ನೆಲದಿಂದ ಇಷ್ಟೇ ಎತ್ತರ ಎಂಬ ಕಟ್ಟಿಲ್ಲ. ಆದರೆ ಯಾವುದೇ ವ್ಯಕ್ತಿ, ದೋಣಿ, ವಾಹನ, ಕಟ್ಟಡಕ್ಕೆ 500 ಅಡಿಗಿಂತ ಹತ್ತಿರ ಹೋಗುವಂತಿಲ್ಲ. ನೆವಾಡಾದ ಮರುಭೂಮಿಯಲ್ಲಿ ಒಂಟಿ ಗುಡಿಸಲು ಇದ್ದರೂ ಅದರ ಸುತ್ತ ಈ ಅಂತರ ಬಿಡಲೇಬೇಕು.

ಇವೆಲ್ಲಕ್ಕಿಂತ ಮೊದಲು ಬರುವ ಷರತ್ತನ್ನು ಬಹಳ ಮಂದಿ ಓದಿ ಮರೆಯುತ್ತಾರೆ. ಎಲ್ಲೇ ಹಾರುತ್ತಿರಲಿ, ಎಂಜಿನ್ ನಿಂತರೆ ಕೆಳಗಿನ ಜನರಿಗೂ ಆಸ್ತಿಗೂ ಅನಗತ್ಯ ಅಪಾಯವಾಗದಂತೆ ಇಳಿಸಬಲ್ಲಷ್ಟು ಎತ್ತರದಲ್ಲಿರಬೇಕು. ನಮ್ಮ ಪ್ರಕಾರ ಇಡೀ ನಿಯಮದ ಜೀವ ಇದೇ. ಇದರ ಲೆಕ್ಕಕ್ಕೆ ಆಮೇಲೆ ಬರೋಣ.

ಜನನಿಬಿಡ ಎಂದರೆ ಎಷ್ಟು ಜನ?

ನಿಯಮ ಇದಕ್ಕೆ ಸಂಖ್ಯೆ ಕೊಟ್ಟಿಲ್ಲ. ಪ್ರತಿ ಪ್ರಕರಣವನ್ನೂ ಬೇರೆಯಾಗಿ ನೋಡಿ ತೀರ್ಮಾನಿಸುತ್ತಾರೆ. ಹಿಂದಿನ ತೀರ್ಪುಗಳಲ್ಲಿ ಹತ್ತು ಮನೆ ಮತ್ತು ಒಂದು ಶಾಲೆ ಇರುವ ಜಾಗವೂ ಜನನಿಬಿಡ ಎನಿಸಿಕೊಂಡಿದೆ. ವಿಶ್ವವಿದ್ಯಾಲಯದ ಆವರಣ, ಮಕ್ಕಳು ದಡದಲ್ಲಿ ಆಡುತ್ತಿದ್ದ ಬೇಸಿಗೆ ಶಿಬಿರ ಕೂಡ ಪಟ್ಟಿಯಲ್ಲಿವೆ. ಹತ್ತು ಮನೆಯ ಜಾಗಕ್ಕೆ ಯಾವ ನಕ್ಷೆಯೂ ಹಳದಿ ಹಚ್ಚುವುದಿಲ್ಲ.

ಹೀಗಾಗಿ ಮಾರ್ಗ ಗುರುತಿಸುವಾಗ ಹಳದಿಯ ಅಂಚಿಗೆ ನಿಲ್ಲಬೇಡಿ. ವೃತ್ತದ ಗುರುತಿನ ಊರುಗಳನ್ನು ಊರೆಂದೇ ಎಣಿಸಿ. ಹಳದಿಯ ಹೊರಗೆ ಹೆದ್ದಾರಿಗಳು ಕೂಡುವ ಕಡೆ ಹೊಸ ಬಡಾವಣೆ ಎದ್ದಿರಬಹುದು. ಅದನ್ನು ಹಿಂದಿನ ದಿನವೇ ಉಪಗ್ರಹ ಚಿತ್ರದಲ್ಲಿ ನೋಡಿಕೊಳ್ಳಿ. ಚಾರ್ಟ್ 56 ದಿನಕ್ಕೊಮ್ಮೆ ಹೊಸದಾಗಿ ಬರುತ್ತದೆ ನಿಜ, ಆದರೆ ಪ್ರತಿ ಬಡಾವಣೆಯ ಗಡಿಯೂ ಆ ವೇಗದಲ್ಲಿ ತಿದ್ದುಪಡಿಯಾಗುತ್ತದೆ ಎಂದು ನಂಬಬೇಡಿ. ನೆಲದ ಎತ್ತರ ತೋರಿಸಲು ಬಳಸುವ ಕಂದು ಛಾಯೆಗಳನ್ನು ಊರಿನ ಹಳದಿಯೊಂದಿಗೆ ಬೆರೆಸಿಕೊಳ್ಳುವುದೂ ಹೊಸಬರಲ್ಲಿ ಸಾಮಾನ್ಯ.

ಸ್ಕೇಲ್ ಹಿಡಿದು ನೋಡಿ

ಸೆಕ್ಷನಲ್ ಚಾರ್ಟಿನ ಅಳತೆ 1:5,00,000. ಒಂದು ನಾಟಿಕಲ್ ಮೈಲಿ (1,852 ಮೀಟರ್) ಕಾಗದದ ಮೇಲೆ 3.7 ಮಿಲಿಮೀಟರ್. ನಿಯಮ ಹೇಳುವ 2,000 ಅಡಿ, ಅಂದರೆ ಸುಮಾರು 610 ಮೀಟರ್, ಬರೀ 1.2 ಮಿಲಿಮೀಟರ್! ಮೊಂಡಾದ ಪೆನ್ಸಿಲಿನಲ್ಲಿ ಮಾರ್ಗದ ಗೆರೆ ಎಳೆದರೆ ಆ ಗೆರೆಯೇ ಅಷ್ಟು ದಪ್ಪ ಇರುತ್ತದೆ. ಟವರ್ ನಮ್ಮ ಗೆರೆಯ ಪಕ್ಕಕ್ಕಿದೆ, ಲೆಕ್ಕಕ್ಕೆ ಬೇಡ ಎಂದು ಕಾಗದದ ಮೇಲೆ ತೀರ್ಮಾನಿಸುವುದು ಇದಕ್ಕೇ ಅಪಾಯ. ಗಾಳಿಗೆ ಅರ್ಧ ಮೈಲಿ ಜಾರುವುದು ಯಾರಿಗೂ ತಿಳಿಯುವುದಿಲ್ಲ. ಗೆರೆಯ ಎರಡೂ ಬದಿಗೆ ಕನಿಷ್ಠ ಒಂದೊಂದು ನಾಟಿಕಲ್ ಮೈಲಿ ಬಿಟ್ಟು, ಆ ಪಟ್ಟಿಯೊಳಗಿನ ಅಡೆತಡೆಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳಿ. ದೊಡ್ಡ ನಗರಗಳಿಗೆ 1:2,50,000 ಅಳತೆಯ ಟರ್ಮಿನಲ್ ಏರಿಯಾ ಚಾರ್ಟ್ ಸಿಗುತ್ತದೆ, ಅದನ್ನೇ ಬಳಸಿ. ಟ್ಯಾಬ್ಲೆಟ್‌ನಲ್ಲಿ ಸೆಕ್ಷನಲ್ ಅನ್ನು ಬೆರಳಲ್ಲಿ ಹಿಗ್ಗಿಸಿದರೆ ಚಿತ್ರ ದೊಡ್ಡದಾಗುತ್ತದೆಯೇ ಹೊರತು ವಿವರ ಹೆಚ್ಚುವುದಿಲ್ಲ.

ಟವರಿನ ಎರಡು ಅಂಕಿ

ಅಡೆತಡೆಗಳು ನೀಲಿ ಬಣ್ಣದ ಗುಡಾರದಂಥ ಗುರುತಿನಲ್ಲಿರುತ್ತವೆ. ನೆಲದಿಂದ ಸಾವಿರ ಅಡಿ ಮೀರಿದವಕ್ಕೆ ಗುರುತೇ ಉದ್ದ. ಪಕ್ಕದಲ್ಲಿ ದಪ್ಪ ಅಕ್ಷರದ ಅಂಕಿ ತುದಿಯು ಸಮುದ್ರ ಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂಬುದು; ಆವರಣದೊಳಗಿನದು ನೆಲದಿಂದ ಎಷ್ಟು ಎಂಬುದು. 1,640 ಎಂದೂ ಅದರ ಕೆಳಗೆ (740) ಎಂದೂ ಇದ್ದರೆ, ಅಲ್ಲಿನ ನೆಲ 900 ಅಡಿ. ವಿಮಾನದ ಎತ್ತರ ಮಾಪಕವಾದ ಅಲ್ಟಿಮೀಟರ್ ತೋರಿಸುವುದು ಸಮುದ್ರ ಮಟ್ಟದ ಲೆಕ್ಕ, ಆದ್ದರಿಂದ ದಪ್ಪ ಅಂಕಿಗೆ ಸಾವಿರ ಕೂಡಿ: 2,640 ಅಡಿ.

ಟವರ್ ಸಾಕಷ್ಟು ದೂರದಲ್ಲಿದೆ, ಸಮೀಪದಲ್ಲಿ ಬೇರೆ ಗುರುತೇ ಇಲ್ಲ ಎಂದುಕೊಳ್ಳಿ. ಆಗ 900ಕ್ಕೆ ಸಾವಿರ ಕೂಡಿ 1,900 ಎಂದರೆ ಎಡವಿದಿರಿ. ಸಾಮಾನ್ಯವಾಗಿ ನೆಲದಿಂದ 200 ಅಡಿ ಮೀರಿದ ಕಟ್ಟಡಗಳನ್ನು ಮಾತ್ರ ಚಾರ್ಟಿನಲ್ಲಿ ಹಾಕುತ್ತಾರೆ. ಹಳದಿಯೊಳಗಾದರೆ 299 ಅಡಿ ಮೀರಿರಬೇಕು. ಊರೊಳಗೆ 290 ಅಡಿಯ ಕಟ್ಟಡಗಳ ಸಾಲೇ ಇದ್ದರೂ ನಕ್ಷೆ ಖಾಲಿ ಇರಬಹುದು! ಹಾಗಾಗಿ 900, 299, 1,000 ಕೂಡಿಸಿ 2,199. ಮೇಲಕ್ಕೆ ಸರಿಹೊಂದಿಸಿ 2,200 ಅಡಿ.

ಎತ್ತರದ ಟವರುಗಳಿಗೆ ಇನ್ನೊಂದು ಕುತ್ತು ಇದೆ. ಅವನ್ನು ಬಿಗಿದು ನಿಲ್ಲಿಸುವ ತಂತಿಗಳು ಬುಡದಿಂದ 1,500 ಅಡಿವರೆಗೂ ಹರಡಿರುತ್ತವೆ, ಹಗಲಲ್ಲೂ ಕಾಣುವುದು ಕಷ್ಟ. ಅದಕ್ಕೇ ಅಡ್ಡಲಾಗಿ 2,000 ಅಡಿ ದೂರ ಇರಿ ಎಂದು ಎಫ್‌ಎಎ ಹೇಳುತ್ತದೆ.

ಚೌಕಗಳ ನಡುವೆ ದೊಡ್ಡದಾಗಿ ಮುದ್ರಿಸಿದ ನೀಲಿ ಅಂಕಿಯನ್ನು ಹಾರುವ ಎತ್ತರ ಎಂದು ಭಾವಿಸುವವರೂ ಇದ್ದಾರೆ. ಅದು ಎಂಇಎಫ್ (ಮ್ಯಾಕ್ಸಿಮಮ್ ಎಲಿವೇಶನ್ ಫಿಗರ್): ಆ ಚೌಕದಲ್ಲಿನ ಅತಿ ಎತ್ತರದ ವಸ್ತುವಿಗೆ ಅಳತೆಯ ದೋಷಕ್ಕೆಂದು 100 ಅಡಿ ಸೇರಿಸಿ, ಮೇಲಿನ ನೂರಕ್ಕೆ ಸರಿಹೊಂದಿಸಿದ್ದು. ನಮ್ಮ 1,640ರ ಟವರೇ ಅಲ್ಲಿ ಎತ್ತರದ್ದಾದರೆ ಅಂಕಿ 1,800. ಸಾವಿರ ಅಡಿಯ ಅಂತರ ಅದರಲ್ಲಿ ಸೇರಿಲ್ಲ. 1,800ರಲ್ಲಿ ಹಾರಿದರೆ ಟವರಿನ ನೆತ್ತಿಯಿಂದ 160 ಅಡಿ ಅಷ್ಟೆ.

ಎಂಜಿನ್ ನಿಂತರೆ?

ಈಗ ಮೊದಲ ಷರತ್ತು. ತರಬೇತಿಯ ಸೆಸ್ನಾ 172 ಎಂಜಿನ್ ಇಲ್ಲದೆ ಗಾಳಿಯಿಲ್ಲದ ದಿನ ಒಂದು ಅಡಿ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಅಡಿ ಮುಂದೆ ಹೋಗುತ್ತದೆ. ನೆಲದಿಂದ ಸಾವಿರ ಅಡಿಯಲ್ಲಿದ್ದರೆ ಒಂದೂವರೆ ನಾಟಿಕಲ್ ಮೈಲಿ, ಸಮಯದಲ್ಲಿ ಹೇಳುವುದಾದರೆ ಒಂದೂಕಾಲು ನಿಮಿಷ. ತಿರುಗಿದರೆ, ಎದುರುಗಾಳಿ ಇದ್ದರೆ ಇನ್ನೂ ಕಡಿಮೆ. ಹಳದಿಯ ಅಗಲ ಹತ್ತು ಮೈಲಿ ಇದ್ದರೆ ನಡುವಿನಿಂದ ಅಂಚಿಗೇ ಐದು ಮೈಲಿ. ಸಾವಿರ ಅಡಿಯ ನಿಯಮ ಅಕ್ಷರಶಃ ಪಾಲಿಸಿದವನು ಕೂಡ ಅಲ್ಲಿ ಮೊದಲ ಷರತ್ತನ್ನು ಮುರಿದಿರಬಹುದು. ನೆಲದಿಂದ 3,000 ಅಡಿಯಲ್ಲಿದ್ದರೆ ನಾಲ್ಕೂವರೆ ಮೈಲಿ ಸಿಗುತ್ತದೆ. ಗೆರೆಯ ಮೇಲೆ ಪ್ರತಿ ಎರಡು ಮೈಲಿಗೆ ಒಮ್ಮೆ ಬೆರಳಿಟ್ಟು, ಇಲ್ಲಿಂದ ಎಲ್ಲಿಗೆ ಇಳಿಸಲಿ ಎಂದು ಕೇಳಿಕೊಳ್ಳಿ. ಉತ್ತರ ಸಿಗದ ಕಡೆ ಎತ್ತರ ಏರಿಸಿ ಅಥವಾ ಗೆರೆ ಸರಿಸಿ.

ಭಾರತದಲ್ಲೂ ಕನಿಷ್ಠ ಎತ್ತರದ ಅಂಕಿಗಳು ಬಹುತೇಕ ಇವೇ, ಮೀಟರಿನಲ್ಲಿ: ಜನನಿಬಿಡ ಭಾಗದ ಮೇಲೆ 600 ಮೀಟರ್ ತ್ರಿಜ್ಯದೊಳಗಿನ ಅಡೆತಡೆಗಿಂತ 300 ಮೀಟರ್, ಉಳಿದೆಡೆ 150. ಅಮೆರಿಕದಲ್ಲಿ ಕಲಿತು ಬಂದವರು ನೆನಪಿಡಬೇಕಾದದ್ದು ನಮ್ಮ ನೆಲದ ಎತ್ತರ. ಬೆಂಗಳೂರಿನ ಎಚ್‌ಎಎಲ್ ನಿಲ್ದಾಣವೇ 2,912 ಅಡಿಯಲ್ಲಿದೆ. ಅಲ್ಲಿ ಅಲ್ಟಿಮೀಟರ್ 3,500 ತೋರಿಸಿದರೆ ನೆಲ 600 ಅಡಿಗೂ ಹತ್ತಿರ.

ಮೇಲಿನ ಮಿತಿಯನ್ನೂ ನೋಡಿ

ಕೆಳಗಿನ ಅಂಕಿ ಸಿಕ್ಕ ಮೇಲೆ ಮೇಲೆ ಏನಿದೆ ಎಂದು ಹುಡುಕಿ. ದೊಡ್ಡ ವಿಮಾನ ನಿಲ್ದಾಣವಿದ್ದರೆ ಅನುಮತಿಯಿಲ್ಲದೆ ಹೊಗುವಂತಿಲ್ಲದ ಕ್ಲಾಸ್ ಬಿ ವಲಯ ಊರ ನೆತ್ತಿಯ ಮೇಲೇ ಇರುತ್ತದೆ. 30,000 ಅಥವಾ ಹೆಚ್ಚು ಆಸನಗಳ ಕ್ರೀಡಾಂಗಣದಲ್ಲಿ ಮೇಜರ್ ಲೀಗ್ ಬೇಸ್‌ಬಾಲ್, ಎನ್‌ಎಫ್‌ಎಲ್ ಅಮೆರಿಕನ್ ಫುಟ್‌ಬಾಲ್‌ನಂಥ ಪಂದ್ಯ ಇದ್ದರೆ, ಶುರುವಾಗುವ ಒಂದು ತಾಸು ಮೊದಲಿನಿಂದ ಮುಗಿದು ಒಂದು ತಾಸಿನವರೆಗೆ ಮೂರು ನಾಟಿಕಲ್ ಮೈಲಿ ಸುತ್ತ, ನೆಲದಿಂದ 3,000 ಅಡಿವರೆಗೆ ಪ್ರವೇಶವಿಲ್ಲ. ಚಾರ್ಟಿನಲ್ಲಿ ಪಂದ್ಯದ ದಿನಾಂಕ ಇರುವುದಿಲ್ಲ, ವೇಳಾಪಟ್ಟಿ ನೀವೇ ನೋಡಬೇಕು.

ಕೊನೆಗೆ ಮೋಡ. ಕ್ಲಾಸ್ ಇ ಎಂಬ ನಿಯಂತ್ರಿತ ವಾಯುವಲಯದಲ್ಲಿ ಮೋಡಕ್ಕಿಂತ 500 ಅಡಿ ಕೆಳಗಿರಬೇಕು. ಮೋಡದ ತಳ ಸಮುದ್ರ ಮಟ್ಟದಿಂದ 2,600 ಅಡಿ ಎಂದಾದರೆ ಹಾರಬಹುದಾದ್ದು 2,100ರವರೆಗೆ. ನೆಲ 900 ಅಡಿಯಲ್ಲಿದ್ದ ನಮ್ಮ ಉದಾಹರಣೆಯ ಊರಿಗೆ ಬೇಕಾದದ್ದು 2,200. ನೂರೇ ಅಡಿ ತಾನೇ ಎಂದು ನುಗ್ಗಬೇಡಿ. ಅಲ್ಟಿಮೀಟರಿನ ಒತ್ತಡದ ಅಂಕಿಯನ್ನು ಪಾದರಸದ ಅಳತೆಯಲ್ಲಿ 0.10 ಇಂಚು ತಪ್ಪಾಗಿ ಇಟ್ಟರೇ ನೂರಡಿ ವ್ಯತ್ಯಾಸ ಬರುತ್ತದೆ. ಅಂಥ ದಿನ ಊರನ್ನು ಬಳಸಿಕೊಂಡು ಹೋಗುವ ಹೊಲಗಳ ಮೇಲಿನ ಗೆರೆಯನ್ನು ಹೊರಡುವ ಮೊದಲೇ ಎಳೆದು, ಅದಕ್ಕೆ ಬೇಕಾದ ಹೆಚ್ಚಿನ ಇಂಧನವನ್ನೂ ಲೆಕ್ಕಕ್ಕೆ ಸೇರಿಸಿ.