ಟೈಮ್‌ಶೀಟ್ ಸಾಫ್ಟ್‌ವೇರ್ ಹೆಸರು ಬದಲಾಯಿತೇ? ಹೊಸದಕ್ಕೆ ಹೀಗೆ ಹೋಗಿ

ಸೋಮವಾರ ಬೆಳಿಗ್ಗೆ ಆಫೀಸಿಗೆ ಬಂದು, ಕೆಲಸದ ಗಂಟೆಗಳನ್ನು ಬರೆದಿಡುವ ಟೈಮ್‌ಶೀಟ್ ತೆರೆಯುತ್ತೀರಿ. ಮೂಲೆಯಲ್ಲಿದ್ದ ಹಳೆಯ ಲೋಗೊ ಇಲ್ಲ. ಹೊಸ ಹೆಸರು, ಹೊಸ ಬಣ್ಣ. ಜೊತೆಗೊಂದು ಮೇಲ್: ನಮ್ಮ ಕಂಪನಿಗೆ ಹೊಸ ಹೆಸರು ಬಂದಿದೆ, ಸೇವಾ ಸಂಸ್ಥೆಗಳಿಗೆಂದೇ ಹೊಸ ಪ್ಲಾಟ್‌ಫಾರ್ಮ್ ತಂದಿದ್ದೇವೆ, ಬೇಗ ಬನ್ನಿ. ಆಗ ಅಕೌಂಟ್ಸ್ ವಿಭಾಗದಿಂದ ಬರುವ ಮೊದಲ ಪ್ರಶ್ನೆ ಒಂದೇ. ಈ ತಿಂಗಳ ಬಿಲ್ ಸರಿಯಾಗಿ ಹೋಗುತ್ತಾ?

ಅದು ಸರಿಯಾದ ಪ್ರಶ್ನೆ. ಸೇವಾ ಸಂಸ್ಥೆ ಎಂದರೆ ಗಂಟೆಗಳನ್ನು ಮಾರುವ ಸಂಸ್ಥೆ. ಐಟಿ ಸೇವೆ, ಎಂಜಿನಿಯರಿಂಗ್ ಡಿಸೈನ್, ಆರ್ಕಿಟೆಕ್ಟ್ ಆಫೀಸು, ಕನ್ಸಲ್ಟಿಂಗ್ ಎಲ್ಲವೂ ಹೀಗೆಯೇ. ಇಲ್ಲಿ ಗೋದಾಮಿಲ್ಲ, ಜನರ ಸಮಯವೇ ಸರಕು. ಇವತ್ತು ಮಾಡಿದ ಎರಡು ಗಂಟೆ ಕೆಲಸ ಎಲ್ಲೂ ಬರೆದಿಡದಿದ್ದರೆ ನಾಳೆ ಅದು ಸಿಗುವುದಿಲ್ಲ. ಅದಕ್ಕೇ ಈ ಸಾಫ್ಟ್‌ವೇರ್ ಬದಲಾವಣೆಯನ್ನು ಐಟಿಯವರ ಕೆಲಸ ಅಂತ ಸುಮ್ನೆ ಬಿಡಬಾರದು.

ಮೊದಲು, ಬದಲಾಗಿದ್ದು ಏನು ಅಂತ ಕೇಳಿ

ಒಂದೇ ಮೇಲ್‌ನಲ್ಲಿ ಮೂರು ಬೇರೆ ಬೇರೆ ವಿಷಯ ಸೇರಿಕೊಂಡಿರುತ್ತವೆ. ಹೆಸರು ಬದಲಾಗಿದೆಯೇ? ಮಾಲೀಕರು ಬದಲಾಗಿದ್ದಾರೆಯೇ? ಸಾಫ್ಟ್‌ವೇರೇ ಬದಲಾಗಿದೆಯೇ? ಒಂದು ಹಾಳೆ ತೆಗೆದುಕೊಂಡು ಮೂರು ಕಾಲಂ ಹಾಕಿ, ಕಂಪನಿಯಿಂದ ಬರುವ ಉತ್ತರಗಳನ್ನು ಬರೆದುಕೊಳ್ಳಿ.

ಇದು ಯಾಕೆ ಮುಖ್ಯ ಅನ್ನುವುದಕ್ಕೆ ಫೈನಾನ್ಷಿಯಲ್‌ಫೋರ್ಸ್ ಒಳ್ಳೆಯ ಉದಾಹರಣೆ. ಅಮೆರಿಕದ ಈ ಸಾಫ್ಟ್‌ವೇರ್ ಕಂಪನಿ 2023ರ ಮೇ ತಿಂಗಳಲ್ಲಿ ತನ್ನ ಹೆಸರನ್ನು ಸರ್ಟಿನಿಯ ಎಂದು ಬದಲಾಯಿಸಿಕೊಂಡಿತು. ಸೇವಾ ಸಂಸ್ಥೆಗಳ ಪ್ರಾಜೆಕ್ಟು, ಜನ, ಬಿಲ್ಲು, ಲೆಕ್ಕ ಎಲ್ಲ ಒಂದೇ ಕಡೆ ಎಂದು ಹೇಳಿಕೊಂಡಿತು. ಆದರೆ ಅಡಿಪಾಯ ಹಿಂದಿನದೇ, ಸೇಲ್ಸ್‌ಫೋರ್ಸ್ ಎಂಬ ಇನ್ನೊಂದು ಸಾಫ್ಟ್‌ವೇರ್ ಕಂಪನಿಯ ಪ್ಲಾಟ್‌ಫಾರ್ಮ್. ಫೈನಾನ್ಷಿಯಲ್‌ಫೋರ್ಸ್ ಹುಟ್ಟಿದ್ದು 2009ರಲ್ಲಿ, ಯೂನಿಟ್ 4 ಎಂಬ ಸಾಫ್ಟ್‌ವೇರ್ ಕಂಪನಿ ಮತ್ತು ಸೇಲ್ಸ್‌ಫೋರ್ಸ್ ಜೊತೆಗೂಡಿ ಕಟ್ಟಿದಾಗ. ಅದಕ್ಕೂ ಮೊದಲು ಅದರ ಲೆಕ್ಕದ ಸಾಫ್ಟ್‌ವೇರಿಗೆ ಕೋಡಾ-ಟು-ಗೋ ಎಂಬ ಹೆಸರಿತ್ತು. ಈಗಲೂ ಅದರ ಒಳಗೆ ಮಾಹಿತಿ ತುಂಬುವ ಖಾನೆಗಳ (ಫೀಲ್ಡ್‌ಗಳ) ಹೆಸರು ನೋಡಿದರೆ ಶುರುವಿನಲ್ಲಿ 'ಸಿ2ಜಿ' ಎಂಬ ಮೂರು ಅಕ್ಷರ ಕಾಣುತ್ತವೆ. ಕೋಡಾ-ಟು-ಗೋ ಅನ್ನುವುದರ ಗುರುತು ಅದು. ಬಾಗಿಲ ಮೇಲಿನ ಬೋರ್ಡು ಎರಡು ಸಲ ಬದಲಾದರೂ ಒಳಗಿನ ಕಪಾಟಿನ ಚೀಟಿ ಹಾಗೇ ಉಳಿದಿದೆ. ಇಂಥ ಕಡೆ ನಿಮ್ಮ ಹಳೆಯ ರಿಪೋರ್ಟುಗಳು ಹೆಸರು ಬದಲಾದ ಮಾತ್ರಕ್ಕೆ ಮುರಿಯುವುದಿಲ್ಲ. ಭಯ ಬೇಡ.

ಇದೇ ಬಗೆಯ ಸಾಫ್ಟ್‌ವೇರ್ ಮಾಡುವ ಕ್ಯಾಂಟಾಟಾ ಕತೆ ಬೇರೆ. ಕ್ಯಾಲಿಫೋರ್ನಿಯಾದ ಮೇವನ್‌ಲಿಂಕ್ ಮತ್ತು ಲಂಡನ್ನಿನ ಕಿಂಬಲ್ ಎಂಬ ಎರಡು ಕಂಪನಿಗಳು ಒಂದಾಗಿ, 2022ರಲ್ಲಿ ಈ ಹೆಸರು ಇಟ್ಟುಕೊಂಡವು. ಹೀಗೆ ಇಬ್ಬರು ಸೇರಿದಾಗ ಗಿರಾಕಿ ಕೇಳಬೇಕಾದದ್ದು ಒಂದೇ: ನಾನು ಬಳಸುತ್ತಿರುವುದು ಮುಂದುವರಿಯುತ್ತದೆಯೇ, ಎಷ್ಟು ವರ್ಷ? ಬಾಯಿಮಾತು ಸಾಲದು, ಬರಹದಲ್ಲೇ ಪಡೆಯಿರಿ.

ಎರಡನೆಯದು, ಬಿಲ್ ಕಳಿಸುವವರು ಅವರೇನಾ?

ಹೊಸ ಹೆಸರಿನ ಮೊದಲ ಬಿಲ್ ಬಂದಾಗ ಹಳೆಯದನ್ನು ಪಕ್ಕದಲ್ಲಿಟ್ಟುಕೊಳ್ಳಿ. ಕಂಪನಿ ಭಾರತದಲ್ಲಿ ನೋಂದಣಿಯಾಗಿದ್ದರೆ ಪರೀಕ್ಷೆ ಸುಲಭ. ಜಿಎಸ್‌ಟಿ ನಂಬರಿನಲ್ಲಿ 15 ಅಕ್ಷರ ಇರುತ್ತವೆ. ಮೊದಲ ಎರಡು ರಾಜ್ಯದ ಸಂಖ್ಯೆ, ಕರ್ನಾಟಕವಾದರೆ 29. ನಂತರದ ಹತ್ತು ಅಕ್ಷರ ಪ್ಯಾನ್. ಎರಡೂ ಬಿಲ್ಲುಗಳ ಆ ಹತ್ತು ಅಕ್ಷರಗಳನ್ನು ಬೆರಳಿಟ್ಟು ಓದಿ. ಒಂದೇ ಇದ್ದರೆ ಕಂಪನಿ ಅದೇ, ಹೆಸರು ಮಾತ್ರ ಹೊಸದು. ಬೇರೆ ಇದ್ದರೆ ಕಾನೂನಿನ ಲೆಕ್ಕದಲ್ಲಿ ಅದು ಬೇರೆ ಕಂಪನಿ. ಆಗ ಹಳೆಯ ಕರಾರು ಹೊಸ ಕಂಪನಿಗೆ ದಾಟಿದೆ ಎಂಬ ಪತ್ರ ಬೇಕೇ ಬೇಕು.

ಬರೀ ಹೆಸರು ಬದಲಾಗಿದ್ದರೆ ಕಂಪನಿ ರಿಜಿಸ್ಟ್ರಾರ್ ಕೊಟ್ಟ ಹೊಸ ಪ್ರಮಾಣಪತ್ರದ ಪ್ರತಿ ಕೇಳಿ. ನಮ್ಮ ಕಂಪನಿ ಕಾಯ್ದೆ ಪ್ರಕಾರ, ಹೆಸರು ಬದಲಾಯಿಸಿದ ಕಂಪನಿ ಎರಡು ವರ್ಷ ಹಳೆಯ ಹೆಸರನ್ನೂ ಜೊತೆಯಲ್ಲಿ ಹಾಕಬೇಕು. ಅದು ಕಾಣದಿದ್ದರೆ ಕೇಳುವ ಹಕ್ಕು ನಿಮಗಿದೆ.

ಇಲ್ಲಿಯವರೆಗೆ ವಿದೇಶದಿಂದ ಬರುತ್ತಿದ್ದ ಬಿಲ್ ಇನ್ನು ಮುಂದೆ ಅವರ ಭಾರತದ ಕಂಪನಿಯಿಂದ ಬರುತ್ತದೆ ಅಂದರೆ ತೆರಿಗೆಯ ದಾರಿಯೂ ಬದಲಾಗುತ್ತದೆ. ರಿವರ್ಸ್ ಚಾರ್ಜ್‌ನಲ್ಲಿ ನೀವೇ ಕಟ್ಟುತ್ತಿದ್ದ ಜಿಎಸ್‌ಟಿ ಈಗ ಅವರ ಬಿಲ್ಲಿನಲ್ಲೇ ಸೇರಿ ಬರುತ್ತದೆ. ನಿಮ್ಮ ಆಡಿಟರ್‌ಗೆ ಮೊದಲೇ ಒಂದು ಮಾತು ಹೇಳಿ.

ಬ್ಯಾಂಕ್ ಖಾತೆ ಬದಲಾಗಿದೆ ಎಂಬ ಮೇಲ್ ಬಂದರೆ ಮಾತ್ರ ಅಲ್ಲೇ ನಿಲ್ಲಿ. ಹೆಸರು ಬದಲಾಗುವ ಸಮಯ ಮೋಸಗಾರರಿಗೆ ಹಬ್ಬ. ಆ ಮೇಲ್‌ನಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ. ಹಳೆಯ ಕರಾರಿನಲ್ಲಿರುವ ನಂಬರಿಗೆ ಮಾಡಿ, ಗೊತ್ತಿರುವ ವ್ಯಕ್ತಿಯ ಬಾಯಿಂದ ಕೇಳಿದ ಮೇಲೇ ಹಣ ಹಾಕಿ.

ಮೂರನೆಯದು, ಮೇಲ್ ಮತ್ತು ಲಾಗಿನ್

ಚಿಕ್ಕ ಕೆಲಸ, ಆದರೆ ಬಿಟ್ಟರೆ ನೋವಾಗುತ್ತದೆ. ಹೊಸ ಹೆಸರು ಬಂದರೆ ಮೇಲ್ ಬರುವ ವಿಳಾಸವೂ ಬದಲಾಗುತ್ತದೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಆಫೀಸಿನಲ್ಲಿ ಹೀಗೇ ಆಯಿತು. ಟೈಮ್‌ಶೀಟ್ ಒಪ್ಪಿಗೆಗೆ ಬರುವ ಮೇಲ್‌ಗಳು ಹೊಸ ವಿಳಾಸದಿಂದ ಬಂದು ನೇರ ಸ್ಪ್ಯಾಮ್‌ಗೆ ಹೋದವು. ಮ್ಯಾನೇಜರ್‌ಗಳಿಗೆ ಗೊತ್ತೇ ಆಗಲಿಲ್ಲ. ಹನ್ನೊಂದು ದಿನದ ಗಂಟೆಗಳು ಒಪ್ಪಿಗೆಯಿಲ್ಲದೆ ಕೂತವು. ಕಾಂಟ್ರ್ಯಾಕ್ಟ್ ಮೇಲೆ ಕೆಲಸ ಮಾಡುತ್ತಿದ್ದ ಹುಡುಗರಿಗೆ ಒಪ್ಪಿಗೆಯಾದ ಗಂಟೆಗೆ ಮಾತ್ರ ಸಂಬಳ. ಅದರಲ್ಲೊಬ್ಬ ಬಾಡಿಗೆ ಕಟ್ಟುವ ದಿನ ನನ್ನ ಟೇಬಲ್ ಹತ್ತಿರ ಬಂದು ನಿಂತಿದ್ದು ಇನ್ನೂ ನೆನಪಿದೆ. ಅವನು ಕೆಲಸ ಮಾಡಿದ್ದ, ಬರೆದಿದ್ದ. ತಪ್ಪು ನಮ್ಮ ಕಡೆಯದು.

ಆದ್ದರಿಂದ ಹೊಸ ಮೇಲ್ ವಿಳಾಸಗಳ ಪಟ್ಟಿಯನ್ನು ಒಂದು ವಾರ ಮೊದಲೇ ತರಿಸಿ, ನಂಬಿಕೆಯ ಪಟ್ಟಿಗೆ ಸೇರಿಸಿ. ಒಂದೇ ಲಾಗಿನ್‌ನಲ್ಲಿ ಎಲ್ಲ ತೆರೆಯುವ ವ್ಯವಸ್ಥೆ ಇದ್ದರೆ ಅದರ ಸರ್ಟಿಫಿಕೇಟ್ ಮತ್ತು ಲಿಂಕ್ ಸರಿಯಿದೆಯೇ ನೋಡಿ. ಸಂಬಳ, ಲೆಕ್ಕ, ಸಿಆರ್‌ಎಂ (ಗಿರಾಕಿಗಳ ಮಾಹಿತಿ ಇಡುವ) ಸಾಫ್ಟ್‌ವೇರ್‌ಗಳಿಗೆ ಇರುವ ಕೊಂಡಿಗಳನ್ನು ಒಂದೊಂದಾಗಿ ಪರೀಕ್ಷಿಸಿ.

ನಾಲ್ಕನೆಯದು, ಮುಗಿದ ಒಂದು ಪ್ರಾಜೆಕ್ಟನ್ನು ಮತ್ತೆ ನಡೆಸಿ

ಇಲ್ಲಿಂದ ಹೊಸ ಪ್ಲಾಟ್‌ಫಾರ್ಮ್‌ನ ಮಾತು. ನನ್ನ ಪ್ರಕಾರ ಇಡೀ ಕೆಲಸದ ಜೀವ ಇರುವುದು ಈ ಹೆಜ್ಜೆಯಲ್ಲಿ. ಡೆಮೊದಲ್ಲಿ ಎಲ್ಲವೂ ಚೆಂದ ಕಾಣುತ್ತದೆ, ಯಾಕೆಂದರೆ ಅದು ಅವರ ಡೇಟಾ. ನೀವು ನಿಮ್ಮದನ್ನು ಕೊಡಿ.

ಪೂರ್ತಿ ಮುಗಿದು ದುಡ್ಡೂ ಬಂದಿರುವ ಒಂದು ಪ್ರಾಜೆಕ್ಟ್ ಆರಿಸಿ. ಸಲೀಸಾಗಿ ಮುಗಿದದ್ದು ಬೇಡ, ತಲೆನೋವು ಕೊಟ್ಟದ್ದೇ ಬೇಕು. ಮಧ್ಯದಲ್ಲಿ ದರ ಬದಲಾದದ್ದು, ಒಬ್ಬರು ಬಿಟ್ಟುಹೋಗಿ ಇನ್ನೊಬ್ಬರು ಬಂದದ್ದು, ಮುಂಗಡ ಹಣ ಹೊಂದಿಸಿದ್ದು, ಒಂದಿಷ್ಟು ಗಂಟೆ ಬಿಲ್ ಮಾಡದೆ ಬಿಟ್ಟದ್ದು ಎಲ್ಲ ಅದರಲ್ಲಿರಲಿ. ಅದನ್ನು ಹೊಸದರಲ್ಲಿ ಮೊದಲಿಂದ ಕೊನೆಯವರೆಗೆ ನಡೆಸಿ. ಕೊನೆಗೆ ಬರುವ ಬಿಲ್ ಹಳೆಯದಕ್ಕೆ ರೂಪಾಯಿಗೆ ರೂಪಾಯಿ ಹೊಂದಬೇಕು.

ಜಾಸ್ತಿ ಎಡವುವುದು ದರದಲ್ಲಿ. ಒಬ್ಬ ಎಂಜಿನಿಯರ್ ಸೆಪ್ಟೆಂಬರ್ ಕೊನೆಯವರೆಗೆ 100 ಗಂಟೆ ಕೆಲಸ ಮಾಡಿದ್ದಾರೆ, ದರ ಗಂಟೆಗೆ 1,800 ರೂಪಾಯಿ. ಅಕ್ಟೋಬರ್ 1ರಿಂದ ದರ 2,000, ಆಮೇಲೆ 60 ಗಂಟೆ. ಸರಿಯಾದ ಮೊತ್ತ 1,80,000 ಮತ್ತು 1,20,000 ಸೇರಿ 3,00,000 ರೂಪಾಯಿ. ಡೇಟಾ ಸಾಗಿಸುವಾಗ ಈಗಿನ ದರವನ್ನಷ್ಟೇ ತಂದು, ಅದು ಯಾವ ತಾರೀಖಿನಿಂದ ಜಾರಿ ಎಂಬುದನ್ನು ಬಿಟ್ಟರೆ ಹೊಸದು 160 ಗಂಟೆಗೂ 2,000 ಹಾಕುತ್ತದೆ. ಬಿಲ್ 3,20,000 ಆಗುತ್ತದೆ. ಯಾವ ಕೆಂಪು ಎಚ್ಚರಿಕೆಯೂ ಬರುವುದಿಲ್ಲ. 20,000 ರೂಪಾಯಿ ಹೆಚ್ಚಿಗೆ ಯಾಕೆ ಅಂತ ಗಿರಾಕಿ ಕೇಳಿದಾಗಲೇ ಗೊತ್ತಾಗುವುದು. ಅಷ್ಟು ಹೊತ್ತಿಗೆ ನಂಬಿಕೆಗೆ ಪೆಟ್ಟು ಬಿದ್ದಿರುತ್ತದೆ, ಅಲ್ವಾ?

ಬಿಲ್ ನಂಬರ್ ಕೂಡ ನೋಡಿ. ಜಿಎಸ್‌ಟಿ ನಿಯಮದಲ್ಲಿ ಬಿಲ್ ನಂಬರ್ 16 ಅಕ್ಷರ ಮೀರುವಂತಿಲ್ಲ, ಒಂದೇ ಆರ್ಥಿಕ ವರ್ಷದಲ್ಲಿ ಅದೇ ನಂಬರ್ ಮತ್ತೆ ಬರುವಂತಿಲ್ಲ. ವರ್ಷದ ಮಧ್ಯದಲ್ಲಿ ಬದಲಾಯಿಸಿದರೆ ಹೊಸದು ಮತ್ತೆ ಒಂದರಿಂದ ಎಣಿಸಲು ಶುರು ಮಾಡಬಹುದು. ನಂಬರಿನ ಶುರುವಿನಲ್ಲಿ ಬೇರೆ ಗುರುತಿನ ಅಕ್ಷರ ಸೇರಿಸಿ, ಹೊಸ ಸರಣಿ ಮಾಡಿಕೊಳ್ಳಿ. ವರ್ಷದ ವಹಿವಾಟು 5 ಕೋಟಿ ರೂಪಾಯಿ ಮೀರಿದವರಿಗೆ 2023ರ ಆಗಸ್ಟ್‌ನಿಂದ ಇ-ಇನ್‌ವಾಯ್ಸ್, ಅಂದರೆ ಬಿಲ್ಲನ್ನು ಸರ್ಕಾರದ ಪೋರ್ಟಲಿನಲ್ಲಿ ನೋಂದಾಯಿಸುವುದು, ಕಡ್ಡಾಯ. ಆ ಕೊಂಡಿ ಹೊಸದರಲ್ಲಿ ಈಗಾಗಲೇ ಇದೆಯೋ, ಮುಂದೆ ಬರುತ್ತದೆ ಅನ್ನುತ್ತಾರೋ ಎಂದು ಖಚಿತ ಮಾಡಿಕೊಳ್ಳಿ. ಮುಂದೆ ಬರುತ್ತದೆ ಅಂದರೆ ಬಂದ ಮೇಲೆ ಹೋಗಿ.

ಐದನೆಯದು, ಪದಗಳ ಅರ್ಥ ಹೊಂದಿಸಿ

ಎರಡು ಸಾಫ್ಟ್‌ವೇರ್‌ಗಳಲ್ಲಿ ಒಂದೇ ಪದಕ್ಕೆ ಎರಡು ಲೆಕ್ಕ ಇರಬಹುದು. 'ಯುಟಿಲೈಸೇಶನ್' ತೆಗೆದುಕೊಳ್ಳಿ. ಇರುವ ಗಂಟೆಗಳಲ್ಲಿ ಎಷ್ಟು ಗಂಟೆ ಗಿರಾಕಿಗೆ ಬಿಲ್ ಆಯಿತು ಎಂಬ ಅಳತೆ ಅದು. ಎಂಟು ಜನ, 22 ದಿನ, ದಿನಕ್ಕೆ 8 ಗಂಟೆ. ಒಟ್ಟು 1,408 ಗಂಟೆ. ಬಿಲ್ ಆದದ್ದು 1,056. ಅಂದರೆ ಶೇ 75. ಈಗ ಒಬ್ಬೊಬ್ಬರೂ ಎರಡು ದಿನ ರಜೆ ಹಾಕಿದ್ದಾರೆ ಅಂದುಕೊಳ್ಳಿ, ಅದು 128 ಗಂಟೆ. ಹೊಸ ಪ್ಲಾಟ್‌ಫಾರ್ಮ್ ರಜೆಯನ್ನು ಮೊದಲೇ ಕಳೆದು ಲೆಕ್ಕ ಹಾಕಿದರೆ ಒಟ್ಟು ಗಂಟೆ 1,280 ಆಗುತ್ತದೆ. ಅದೇ 1,056 ಗಂಟೆಗೆ ಈಗ ಶೇ 82.5.

ಅದೇ ಜನ, ಅದೇ ಕೆಲಸ. ಹೊಸ ಸಾಫ್ಟ್‌ವೇರ್ ಬಂದ ಮೇಲೆ ಕೆಲಸ ಚುರುಕಾಯಿತು ಅಂತ ಒಬ್ಬರು ಖುಷಿಪಡುತ್ತಾರೆ. ಹಿಮ್ಮುಖವಾದರೆ ಜನ ಸೋಮಾರಿಗಳಾದರು ಅಂತ ಬೈಗುಳ ಬೀಳುತ್ತದೆ. ಬೋನಸ್, ಬಡ್ತಿ ಈ ಸಂಖ್ಯೆಯ ಮೇಲೆ ನಿಲ್ಲುವ ಆಫೀಸುಗಳು ಕಡಿಮೆಯೇನಿಲ್ಲ. ಆದ್ದರಿಂದ ಯುಟಿಲೈಸೇಶನ್, ಬಾಕಿ ಬಿಲ್, ಪ್ರಾಜೆಕ್ಟ್ ಲಾಭ ಈ ಮೂರಕ್ಕಾದರೂ ಹಳೆಯ ಸೂತ್ರ, ಹೊಸ ಸೂತ್ರ ಎರಡನ್ನೂ ಒಂದೇ ಪುಟದಲ್ಲಿ ಬರೆದು ಎಲ್ಲರಿಗೂ ಹಂಚಿ. ಬದಲಾವಣೆ ಆಗುವ ಮೊದಲೇ ಹಂಚಿ.

ಆರನೆಯದು, ಹಳೆಯ ದಾಖಲೆ

ಎಲ್ಲವನ್ನೂ ಹೊಸದಕ್ಕೆ ಸಾಗಿಸುವ ಆಸೆ ಬೇಡ. ನಡೆಯುತ್ತಿರುವ ಪ್ರಾಜೆಕ್ಟು, ಬರಬೇಕಾದ ಬಾಕಿ, ಈ ವರ್ಷದ ಗಂಟೆಗಳು ಸಾಕು. ಉಳಿದದ್ದು ಓದಲು ಸಿಗುವಂತೆ ಇದ್ದರೆ ಆಯಿತು. ಆದರೆ ಎಸೆಯುವ ಹಾಗಿಲ್ಲ. ಕಂಪನಿಗಳು ಲೆಕ್ಕದ ಪುಸ್ತಕಗಳನ್ನು ಎಂಟು ವರ್ಷ ಇಡಬೇಕು. 2023ರ ಏಪ್ರಿಲ್ 1ರಿಂದ ಇನ್ನೊಂದು ನಿಯಮವೂ ಇದೆ. ಲೆಕ್ಕದ ಸಾಫ್ಟ್‌ವೇರಿನಲ್ಲಿ ಯಾವ ತಿದ್ದುಪಡಿ ಯಾವ ದಿನ ಆಯಿತು ಎಂಬ ಜಾಡು ತಾನಾಗಿ ದಾಖಲಾಗಬೇಕು, ಅದನ್ನು ಆಫ್ ಮಾಡಲು ಬರಬಾರದು. ಹೊಸದು ನಿಮ್ಮ ಲೆಕ್ಕವನ್ನೂ ನೋಡಿಕೊಳ್ಳುವುದಾದರೆ ಈ ಜಾಡನ್ನು ತೆರೆದು ತೋರಿಸಿ ಅನ್ನಿ. ಹಳೆಯದರ ಜಾಡನ್ನೂ ಇಳಿಸಿಕೊಳ್ಳಿ. ಎಷ್ಟೋ ಸಲ ಬಿಲ್‌ಗಳು ಬರುತ್ತವೆ, ಜಾಡು ಹಿಂದೆ ಉಳಿದುಬಿಡುತ್ತದೆ.

ಕೊನೆಯದಾಗಿ, ದಿನ ಗೊತ್ತು ಮಾಡಿ

ಮಾರ್ಚ್, ಏಪ್ರಿಲ್ ಬೇಡ. ತ್ರೈಮಾಸಿಕದ ಕೊನೆಯ ವಾರವೂ ಬೇಡ. ತಿಂಗಳ ಮೊದಲ ದಿನ ಶುರು ಮಾಡಿ, ಪೂರ್ತಿ ಒಂದು ತಿಂಗಳು ಎರಡನ್ನೂ ಒಟ್ಟಿಗೆ ನಡೆಸಿ. ಎರಡು ಕಡೆ ಗಂಟೆ ತುಂಬಿಸಿ ಅಂದರೆ ಜನ ಗೊಣಗುತ್ತಾರೆ, ಅದು ನ್ಯಾಯವೇ. ಅದಕ್ಕೆ ಎಲ್ಲರಿಂದ ಮಾಡಿಸಬೇಡಿ. ಒಂದು ತಂಡ ಸಾಕು. ಆ ಎರಡನೇ ಸಲ ತುಂಬುವ ಹೊತ್ತನ್ನೂ ಅವರ ಕೆಲಸದ ಗಂಟೆಯಾಗಿಯೇ ಬರೆಯಲು ಬಿಡಿ.

ಆ ತಂಡದಲ್ಲಿ ಸೈಟಿನಲ್ಲಿ ಕೆಲಸ ಮಾಡುವ ಒಬ್ಬರಾದರೂ ಇರಲಿ. ನೆಟ್‌ವರ್ಕ್ ಸರಿಯಿಲ್ಲದ ಕಡೆ, ಬಿಸಿಲಲ್ಲಿ ನಿಂತು, ಮೊಬೈಲಿನಲ್ಲಿ ಅವರು ಒಂದು ದಿನದ ಗಂಟೆ ತುಂಬಲಿ. ಎಷ್ಟು ನಿಮಿಷ ಹಿಡಿಯಿತು, ಎಷ್ಟು ಸಲ ಒತ್ತಬೇಕಾಯಿತು, ಎಲ್ಲಿ ಸಿಕ್ಕಿಹಾಕಿಕೊಂಡರು ಅಂತ ಪಕ್ಕದಲ್ಲಿ ನಿಂತು ನೋಡಿ. ಅವರಿಗೆ ಸುಲಭವಾದರೆ ಆಫೀಸಿನಲ್ಲಿ ಕೂತವರಿಗೂ ಸುಲಭವಾಗುತ್ತದೆ.

ತಿಂಗಳ ಕೊನೆಗೆ ಎರಡೂ ಕಡೆಯ ಬಿಲ್ ಹೊಂದಿದರೆ ಹಳೆಯದನ್ನು ಓದಲು ಮಾತ್ರ ಬರುವಂತೆ ಮಾಡಿಸಿ. ಆ ವರ್ಷದ ಆಡಿಟ್ ಮುಗಿಯುವವರೆಗೆ ಎರಡು ಲಾಗಿನ್ ಉಳಿಸಿಕೊಳ್ಳಿ, ಒಂದು ಅಕೌಂಟ್ಸ್‌ಗೆ, ಒಂದು ಆಡಿಟರ್‌ಗೆ. ಹೊಂದದಿದ್ದರೆ ಇನ್ನೊಂದು ತಿಂಗಳು ಕಾಯಿರಿ. ಅದಕ್ಕಾಗಿ ಹಳೆಯದರ ಕರಾರನ್ನು ಎರಡು ತಿಂಗಳು ಮುಂದುವರಿಸುವ ಹಕ್ಕನ್ನು ಹೊಸ ಕರಾರಿಗೆ ಸಹಿ ಹಾಕುವ ಮೊದಲೇ ಬರೆಸಿಕೊಂಡಿರಿ.